ಹೆಬ್ಬೆಟ್ಟಿನ ಸ್ಕೋರ್‌ಬೋರ್ಡು

ಮದುವೆಯಾದ ಮೊದಲ ಆಷಾಢದಲ್ಲಿ ಹೆಂಡತಿಯನ್ನು ತವರಿಗೆ ಕಳಿಸಿ ಒಂಟಿಯಾದ ಗಂಡಸನ್ನು ಮನೆಯಲ್ಲಿಟ್ಟುಕೊಳ್ಳಬಾರದು. ಅವನಿಗೆ ಹೊತ್ತು ಹೋಗಬೇಕು. ಮೊದಲು ಕೆಟ್ಟ ಮಿಕ್ಸಿ ಬಿಚ್ಚುತ್ತಾನೆ, ಆಮೇಲೆ ಕೆಡದ ಫ್ಯಾನು ಬಿಚ್ಚುತ್ತಾನೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಅಕ್ಕನ ಮಗ 2025ರ ಆಷಾಢಕ್ಕೆ ಲ್ಯಾಪ್‌ಟಾಪ್ ಹೆಗಲಿಗೇರಿಸಿಕೊಂಡು ನಮ್ಮೂರು ರಾಮನಾಥಪುರಕ್ಕೆ ಬಂದ. ಎರಡು ದಿನ ಹೊಳೆ ಮೆಟ್ಟಿಲ ಮೇಲೆ ಕೂತು ಮೀನಿಗೆ ಪುರಿ ಹಾಕಿದ. ಹೊಳೆ ತುಂಬಿ ಬಂದು ಮೆಟ್ಟಿಲೂ ಇಲ್ಲದಂತಾದ ಮೇಲೆ ಮನೆಯಲ್ಲಿ ಕೂತು ನಮ್ಮ ಕ್ರಿಕೆಟ್ ವೆಬ್‌ಸೈಟು ಬಿಚ್ಚಿದ.

ಆ ಸೈಟಿನ ಜಾತಕ ಸ್ವಲ್ಪ ಹೇಳಬೇಕು. 2003ರಲ್ಲಿ ಜಾವಗಲ್ ಶ್ರೀನಾಥ್ ನಿವೃತ್ತರಾದಾಗ ನಮಗೆ ಕೆಲವರಿಗೆ ಭಾರತದ ಕ್ರಿಕೆಟ್ಟೇ ಮುಗಿದುಹೋಯಿತು ಅನ್ನಿಸಿತ್ತು. ನೆನಪಿಗೆ ಏನಾದರೂ ಮಾಡಲೇಬೇಕೆಂದು ಹಾಸನದ ಸೈಬರ್ ಕೆಫೆಯಲ್ಲಿ ಗಂಟೆಗಿಷ್ಟು ದುಡ್ಡು ಕೊಟ್ಟು ಕೂತು ಕಟ್ಟಿದೆವು. ಶ್ರೀನಾಥ್ ಮೈಸೂರಿನಲ್ಲಿ ಹುಟ್ಟಿದವರು, ನಿಜ. ಆದರೆ ಹೆಸರಿನ ಮುಂದೆ ನಮ್ಮ ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕಿನ ಜಾವಗಲ್ ಇದೆಯಲ್ಲ! ಇನಿಷಿಯಲ್ ನೋಡಿ ನೆಂಟಸ್ತನ ಹೇಳಿಕೊಳ್ಳುವ ಜನ ನಾವು. ಅರಸೀಕೆರೆಯಲ್ಲೇ ಹುಟ್ಟಿದ ಡೇವಿಡ್ ಜಾನ್ಸನ್‌ಗೆ ಪ್ರತ್ಯೇಕ ಪುಟ ಕೊಟ್ಟಿದ್ದೆವು. ಅವರು ಆಡಿದ್ದು ಎರಡೇ ಟೆಸ್ಟು, ಎರಡೂ 1996ರಲ್ಲಿ. ಎರಡನೆಯದು ಡಿಸೆಂಬರಿನಲ್ಲಿ ಡರ್ಬನ್ನಿನಲ್ಲಿ. ಹನ್ನೊಂದು ಜನರಲ್ಲಿ ದ್ರಾವಿಡ್, ಕುಂಬ್ಳೆ, ಶ್ರೀನಾಥ್, ಪ್ರಸಾದ್, ಜಾನ್ಸನ್ ಎಂದು ಐವರು ನಮ್ಮ ಕರ್ನಾಟಕದವರು! ಅದನ್ನು ಕೆಂಪು ಅಕ್ಷರದಲ್ಲಿ, ದಪ್ಪಗೆ ಹಾಕಿದ್ದೆವು. ಆ ತಂಡ 100 ಮತ್ತು 66ಕ್ಕೆ ಆಲೌಟಾದದ್ದನ್ನು ಕೆಳಗೆ ಸಣ್ಣದಾಗಿ ಹಾಕಿದ್ದೆವು.

ತೆರೆದ ಕೂಡಲೇ ಬಲದಿಂದ ಎಡಕ್ಕೆ ‘ಸ್ವಾಗತ’ ಓಡುತ್ತಿತ್ತು. ಫ್ಲ್ಯಾಶಿನಲ್ಲಿ ಮಾಡಿದ ಕೆಂಪು ಚೆಂಡು ಗಿರ್ರನೆ ತಿರುಗಿ ಸ್ಟಂಪು ಹಾರಿಸುತ್ತಿತ್ತು. ಕೆಳಗೆ ಬಂದುಹೋದವರ ಲೆಕ್ಕದ ಮೀಟರು, ಅದರಲ್ಲಿ ಬಹುಪಾಲು ನಾವೇ. ಅದಕ್ಕೂ ಕೆಳಗೆ, ‘ಈ ತಾಣವನ್ನು ಇಂಟರ್ನೆಟ್ ಎಕ್ಸ್‌ಪ್ಲೋರರಿನಲ್ಲಿ, 800×600 ಅಳತೆಯಲ್ಲಿ ವೀಕ್ಷಿಸತಕ್ಕದ್ದು.’ ಓದುಗನಿಗೆ ಅಪ್ಪಣೆ ಕೊಡುವಷ್ಟು ಧೈರ್ಯ ಆಗ ವೆಬ್‌ಸೈಟುಗಳಿಗಿತ್ತು. ಮೊದಲು ಬಿಟ್ಟಿಯಾಗಿ ಜಿಯೋಸಿಟೀಸಿನಲ್ಲಿದ್ದೆವು. 2009ರ ಅಕ್ಟೋಬರಿನಲ್ಲಿ ಯಾಹೂನವರು ಅದಕ್ಕೆ ಬೀಗ ಹಾಕಿದಾಗ ಗಂಟುಮೂಟೆ ಸಿಡಿಯಲ್ಲಿ ತುಂಬಿಕೊಂಡು ಬಾಡಿಗೆ ಜಾಗಕ್ಕೆ ಹೋದೆವು. ಇಂಥ ಬಿಟ್ಟಿ ಚಾಕರಿಗೂ ಒಂದು ಪರಂಪರೆಯಿದೆ. ಕ್ರಿಕ್‌ಇನ್ಫೋ ಶುರುವಾದದ್ದೂ ಹೀಗೆಯೇ. 1993ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿದ್ದ ಸೈಮನ್ ಕಿಂಗ್ ಎಂಬ ಬ್ರಿಟಿಷ್ ಸಂಶೋಧಕ ಅದನ್ನು ಹುಟ್ಟುಹಾಕಿದ. ಸ್ಕೋರು ಸಿಗದೆ ಒದ್ದಾಡುತ್ತಿದ್ದ ಪರದೇಶದ ವಿದ್ಯಾರ್ಥಿಗಳು ಕೈಜೋಡಿಸಿ ಬೆಳೆಸಿದರು. ಮುಂದೆ 2007ರಲ್ಲಿ ಅದನ್ನು ಇಎಸ್‌ಪಿಎನ್ ಕೊಂಡಿತು. ನಮ್ಮನ್ನು ಯಾರೂ ಕೊಳ್ಳಲು ಬರಲಿಲ್ಲ.

ಅಳಿಯ ಸೈಟನ್ನು ಫೋನಿನಲ್ಲಿ ತೆರೆದು ನನ್ನ ಮೂಗಿನ ಮುಂದೆ ಹಿಡಿದ. ಒಂಟಿಕೊಪ್ಪಲು ಪಂಚಾಂಗವನ್ನು ಬೆಂಕಿಪೊಟ್ಟಣದ ಮೇಲೆ ಅಚ್ಚು ಹಾಕಿದ ಹಾಗಿತ್ತು. ಚೆಂಡು ತಿರುಗಬೇಕಾದ ಜಾಗದಲ್ಲಿ ಬರೀ ಖಾಲಿ ಚೌಕ. ಫ್ಲ್ಯಾಶು 2020ರ ಡಿಸೆಂಬರ್ 31ಕ್ಕೇ ಸತ್ತುಹೋಗಿದೆಯಂತೆ, ನಮಗೆ ಹೇಳಿಕಳಿಸಿದವರಿಲ್ಲ.

“ಅಕ್ಷರ ಯಾಕ್ಲಾ ಇಷ್ಟ್ ಚಿಕ್ಕದು?”

“ಮಾವ, ಇದು ಫೋನಿಗೆ ಅಂತ ಮಾಡಿದ ಪುಟ ಅಲ್ಲ ಅಂತ ಫೋನಿಗೆ ಗೊತ್ತಾಗುತ್ತೆ. ಆಗ ಅದು ನನ್ನ ಅಗಲ 980 ಪಿಕ್ಸೆಲ್ ಅಂತ ಸುಳ್ಳು ಹೇಳಿ, ಇಡೀ ಪುಟ ಇಸ್ಕೊಂಡು, ಕುಗ್ಗಿಸಿ ತೋರಿಸುತ್ತೆ. 2007ರಲ್ಲಿ ಐಫೋನ್ ಬಂದಾಗಿಂದ ಹಿಂಗೇ.”

“ನಿಜ ಹೇಳ್ಸಕ್ಕಾಗಲ್ವಾ?”

ಆಗುತ್ತದೆ. ಒಂದೇ ಒಂದು ಸಾಲು ಬರೆಯಬೇಕು. ಬರೆದ. ಫೋನು ಸತ್ಯ ಒಪ್ಪಿಕೊಂಡಿತು, ಅಕ್ಷರ ದಪ್ಪವಾಯಿತು, ಸ್ಕೋರ್‌ಕಾರ್ಡಿನ ಮುಕ್ಕಾಲು ಭಾಗ ಪರದೆಯಾಚೆ ಹೋಯಿತು. ಹೆಸರು ಕಂಡರೆ ರನ್ ಕಾಣದು, ರನ್ನಿಗಾಗಿ ಎಳೆದರೆ ಹೊಡೆದವನು ಯಾರೆಂದು ಮರೆತುಹೋಗುತ್ತದೆ. ಪರದೆಯ ಅಗಲಕ್ಕೆ ತಕ್ಕಂತೆ ಪುಟವೇ ಮೈ ಹೊಂದಿಸಿಕೊಳ್ಳಬೇಕೆಂದು ಈಥನ್ ಮಾರ್ಕಾಟ್ ಎಂಬುವವರು 2010ರಲ್ಲೇ ಬರೆದು ದಾರಿ ತೋರಿಸಿದ್ದಾರಂತೆ. ಆ ಪುಣ್ಯಾತ್ಮ ಸ್ಕೋರ್‌ಕಾರ್ಡು ನೋಡಿದ್ದರೋ ಇಲ್ಲವೋ.

“ನಿಮ್ಮ ಟೇಬಲ್ 760 ಅಗಲ. ಫೋನು 360. ಅರ್ಧ ಕಾಲಂ ಹೋಗಲೇಬೇಕು ಮಾವ. ಯಾವ್ಯಾವುದು ಹೇಳಿ.”

ಇದು ನಾನೊಬ್ಬನೇ ತೀರ್ಮಾನಿಸುವ ವಿಷಯವಲ್ಲ. ಸೈಟಿಗೆ ಪಾಲುದಾರರಿದ್ದಾರೆ. ಸಂಜೆ ದೇವಸ್ಥಾನದ ಬೀದಿಯ ಟೀ ಅಂಗಡಿಯಲ್ಲಿ ಸಭೆ ಸೇರಿತು. ಬಂದವರು ರಿಟೈರಾದ ಲೆಕ್ಕದ ಮೇಷ್ಟ್ರು ಮತ್ತು ಹೊಗೆಸೊಪ್ಪು ಬೆಳೆಯುವ ಗೌಡ್ರು. ಟೀ ಅಂಗಡಿಯ ಹುಡುಗ ಕರೆಯದೆಯೇ ಸದಸ್ಯನಾದ.

ಅಳಿಯ ಲ್ಯಾಪ್‌ಟಾಪ್ ಬಿಚ್ಚಿ ವಿವರಿಸಿದ. ಹೆಸರು, ಔಟಾದ ಬಗೆ, ರನ್, ನಿಮಿಷ, ಚೆಂಡು, ಬೌಂಡರಿ, ಸಿಕ್ಸರ್, ಸ್ಟ್ರೈಕ್ ರೇಟ್. “ಮೊದಲು ಈ ನಿಮಿಷದ ಕಾಲಂ ತೆಗೆದುಬಿಡೋಣ. ಈಗ ಯಾರೂ ನೋಡಲ್ಲ.”

ಮೇಷ್ಟ್ರು ಲೋಟ ಕೆಳಗಿಟ್ಟರು.

“ನೀನು ಬೆಂಗಳೂರಿಂದ ಇಲ್ಲಿಗೆ ಎಷ್ಟು ಹೊತ್ತಲ್ಲಿ ಬಂದೆ ಮಗ?”

“ಐದು ಗಂಟೆ ಸಾರ್.”

“2004ನೇ ಇಸವಿ ಏಪ್ರಿಲ್, ರಾವಲ್ಪಿಂಡಿ. ದ್ರಾವಿಡ್ 270. ಎಷ್ಟು ನಿಮಿಷ? 740. ಅಂದ್ರೆ ಹನ್ನೆರಡು ಗಂಟೆ ಇಪ್ಪತ್ತು ನಿಮಿಷ. ನೀನು ಇಲ್ಲಿಗೆ ಬಂದು, ಇಳೀದೆ ಅದೇ ಬಸ್ಸಲ್ಲಿ ವಾಪಸ್ ಬೆಂಗಳೂರಿಗೆ ಹೋಗಿ, ಮತ್ತೆ ಹೊರಟು, ಬೆಳ್ಳೂರು ಕ್ರಾಸಲ್ಲಿ ಕಾಫಿ ಕುಡಿಯೋ ಹೊತ್ತಿಗೆ ಆತ ಔಟಾದ. ಆ ಕಾಲಂ ತೆಗೀತೀಯಾ? ತೆಗಿ. ಜೊತೇಲೇ ದ್ರಾವಿಡ್‌ನೂ ತೆಗೆದುಬಿಡು.”

ಅಳಿಯ ನಿಮಿಷ ಬಿಟ್ಟು ಚೆಂಡಿಗೆ ಕೈಹಾಕಿದ. ಅವನ ಗ್ರಹಚಾರ, ಅದೇ ವಾರ ಲಾರ್ಡ್ಸ್ ಟೆಸ್ಟು ಮುಗಿದಿತ್ತು. ಜುಲೈ 14ರಂದು ಜಡೇಜ 181 ಚೆಂಡು ಎದುರಿಸಿ 61 ಮಾಡಿ, ಔಟಾಗದೆ ನಿಂತೇ ಇದ್ದರೂ ಭಾರತ 22 ರನ್ನಿಂದ ಸೋತದ್ದನ್ನು ನಾವೆಲ್ಲ ಅದೇ ಅಂಗಡಿಯ ಟಿ.ವಿ.ಯಲ್ಲಿ ನೋಡಿ ಊಟ ಬಿಟ್ಟಿದ್ದೆವು. “ಬರೀ 61 ಅಂತ ಹಾಕು, ನೋಡಿದವರು ಏನಂತಾರೆ? ಅರ್ಧ ಗಂಟೆ ಬೀಸಿ ಮನೆಗೆ ಹೋದ ಅಂತಾರೆ” ಎಂದರು ಮೇಷ್ಟ್ರು. ಚೆಂಡೂ ಉಳಿಯಿತು. ಸ್ಟ್ರೈಕ್ ರೇಟ್ ತೆಗೆಯಲು ಮೇಷ್ಟ್ರು ತುದಿಗಾಲಲ್ಲಿ ನಿಂತಿದ್ದರು. ಅಂಗಡಿಯ ಹುಡುಗ, ಹಾಗಾದರೆ ಇನ್ನು ಟೀ ಕಾಸು ಕೊಟ್ಟೇ ಕುಡೀರಿ ಎಂದ. ಅದೂ ಉಳಿಯಿತು.

ಬ್ಯಾಟಿಂಗಿನಲ್ಲಿ ಗಿಟ್ಟದ್ದು ಬೌಲಿಂಗಿನಲ್ಲಾದರೂ ಗಿಟ್ಟೀತೆಂದು ಅಳಿಯ ಪುಟ ಬದಲಿಸಿದ. “ಓವರ್, ಮೇಡನ್, ರನ್, ವಿಕೆಟ್ ಇರಲಿ. ಈ ವೈಡ್ ಕಾಲಂ ಮಾತ್ರ ಬೇಡ. ಬೌಲರಿಗೂ ಮರ್ಯಾದೆ.”

ಅಲ್ಲಿತನಕ ಬೀಡಿ ಸೇದುತ್ತ ಸುಮ್ಮನಿದ್ದ ಗೌಡ್ರು, “ತಡಿ ಮಗಾ” ಎಂದರು.

“ತೊಂಬತ್ತೊಂಬತ್ತರಾಗೆ ಡೆಲ್ಲಿ ಟೆಸ್ಟು. ಕುಂಬ್ಳೆಗೆ ಒಂಬತ್ತು ಬಿದ್ದಾವೆ, ಇನ್ನೊಂದ್ ಬೇಕು. ಈ ಕಡೆಯಿಂದ ಬೌಲಿಂಗು ಯಾರ್ದು? ನಮ್ ಶ್ರೀನಾಥಂದು. ತಾನೆಲ್ಲಿ ವಿಕೆಟ್ ತಗಂಡುಬುಡ್ತೀನೋ ಅಂತ ಬೇಕಂತಲೇ ಆಚೆ ಆಚೆ ಹಾಕ್ದ. ಅಂಪೈರು ಎರಡೂ ಕೈ ಚಾಚಿ ವೈಡ್ ಕೊಟ್ಟ. ಆಮ್ಯಾಕೆ ಕುಂಬ್ಳೆ ಬಂದು ಅಕ್ರಮ್‌ನ ಲಕ್ಷ್ಮಣನ ಕೈಗೆ ಕೊಡಿಸ್ದ. 26.3 ಓವರು, 9 ಮೇಡನ್, 74 ರನ್ನು, 10 ವಿಕೆಟ್ಟು. ಹತ್ತೂ ಕುಂಬ್ಳೆ ಲೆಕ್ಕಕ್ಕೆ. ಸಂತೋಷ. ಜಾವಗಲ್‌ನೋನ್ ಮಾಡಿದ್ದು ಎಲ್ ಬರ್ದೈತೆ? ಆ ವೈಡ್ ಕಾಲಂನಾಗೆ. ಅಲ್ ಬುಟ್ರೆ ಇನ್ನೆಲ್ಲೂ ಇಲ್ಲ ಕಣ್ಲಾ.”

1999ರ ಫೆಬ್ರುವರಿ 7ರ ಆ ಮಧ್ಯಾಹ್ನದ ಬಗ್ಗೆ ನಾನೂ ಬೇಕಾದಷ್ಟು ಓದಿದ್ದೇನೆ, ನಮ್ಮ ಸೈಟಿನಲ್ಲಿ ನಾನೇ ಒಂದು ಪುಟ ಬರೆದಿದ್ದೇನೆ. ವೈಡಿನ ಪರವಾಗಿ ಒಬ್ಬರು ವಾದ ಮಾಡಿದ್ದನ್ನು ಕೇಳಿದ್ದು ಮಾತ್ರ ಟೀ ಅಂಗಡಿಯ ಆ ಸಭೆಯಲ್ಲೇ ಮೊದಲು. ಕಾಲಂ ತೆಗೆಯುವ ಸಭೆ ಎಲ್ಲ ಕಾಲಂ ಉಳಿಸಿಕೊಂಡು, ಮೇಲೊಂದು ‘ವಿಶೇಷ’ ಎಂಬ ಹೊಸ ಕಾಲಂ ಸೇರಿಸುವ ನಿರ್ಣಯದೊಂದಿಗೆ ಬರಖಾಸ್ತಾಯಿತು.

ಒಂದೇ ಒಂದು ವಸ್ತುವಿನ ಬಗ್ಗೆ ಯಾರೂ ತಕರಾರು ತೆಗೆಯಲಿಲ್ಲ. ಊರ ಹುಡುಗರ ಒತ್ತಾಯಕ್ಕೆ ಮುಖಪುಟದಲ್ಲಿ ‘ಈ ಸಲ ಕಪ್ ನಮ್ದೇ’ ಎಂಬ ಮಿನುಗುವ ಪಟ್ಟಿ ಕೂರಿಸಿದ್ದೆವು. ಅದೇ ವರ್ಷ ಜೂನ್ 3ರ ರಾತ್ರಿ ಆರ್‌ಸಿಬಿ ಹದಿನೆಂಟನೆಯ ಸಲಕ್ಕೆ ಕಪ್ ಗೆದ್ದಾಗ ಅದನ್ನು ಇನ್ನೂ ದೊಡ್ಡದು ಮಾಡಬೇಕೆಂದಿದ್ದರು. ಮಾರನೆಯ ದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಪಟ್ಟಿಯನ್ನು ಅಂಗಡಿಯ ಹುಡುಗನೇ ಹೇಳಿ ತೆಗೆಸಿದ.

ಅಳಿಯ ಮೂರು ದಿನ ಕೋಣೆ ಬಿಟ್ಟು ಹೊರಬರಲಿಲ್ಲ. ಬಂದಾಗ ರಾಜಿ ಸೂತ್ರವಿತ್ತು. ಪರದೆಯ ಮೇಲೆ ಹೆಸರು ಮತ್ತು ರನ್, ಅಷ್ಟೇ. ಹೆಸರು ಮುಟ್ಟಿದರೆ ಅದರಡಿ ಬಾಗಿಲು ತೆರೆದು ನಿಮಿಷ, ಚೆಂಡು, ಉಳಿದದ್ದೆಲ್ಲ ಇಳಿಯುತ್ತದೆ. “ಜನ ಬಸ್ಸಲ್ಲಿ ನಿಂತು ಒಂದು ಕೈಲಿ ಕಂಬಿ ಹಿಡಿದು, ಇನ್ನೊಂದು ಕೈ ಹೆಬ್ಬೆರಳಲ್ಲಿ ಓದ್ತಾರೆ ಮಾವ. ಅವರಿಗೆ ಬೇಕಾದ್ದು ಮಾತ್ರ ತೋರಿಸ್ಬೇಕು.” ಅದೇನೋ ನಿಜ. 2016ರಲ್ಲಿ ಜಿಯೋ ಬಂದ ಮೇಲೆ ನಮ್ಮೂರಿನ ಇಂಟರ್ನೆಟ್ಟು ಅಂಗೈಯಿಂದ ಮೇಲೆದ್ದದ್ದೇ ಇಲ್ಲ.

ಹೆಬ್ಬೆರಳಿನ ಪರೀಕ್ಷೆಗೆ ಗೌಡ್ರ ಹೊಲಕ್ಕೆ ಹೋದೆವು. ಸೊಪ್ಪು ಮುರಿಯುವ ಕಾಲ. ಹಸಿ ಹೊಗೆಸೊಪ್ಪಿನ ಅಂಟು ಬೆರಳಿಗೆ ಹತ್ತಿ ಹತ್ತಿ, ಮಣ್ಣೂ ಸೇರಿ ಕಪ್ಪಗೆ ಡಾಂಬರಿನ ಪದರ ಕಟ್ಟಿರುತ್ತದೆ. ಸೋಪಿಗೆ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಗೌಡ್ರು ಆ ಹೆಬ್ಬೆರಳನ್ನು ಪಂಚೆಗೆ ಒರೆಸಿ ಶ್ರೀನಾಥರ ಹೆಸರ ಮೇಲೆ ಒತ್ತಿದರು. ಫೋನು ಮಿಸುಕಲಿಲ್ಲ. ಇನ್ನಷ್ಟು ಒತ್ತಿದರು. ಮೇಲಿನ ಪ್ರಸಾದ್ ತೆರೆದುಕೊಂಡರು. “ಶ್ರೀನಾಥ್‌ನ ಕರೆದ್ರೆ ವೆಂಕಟೇಶ್ ಪ್ರಸಾದ್ ಯಾಕ್ಲಾ ಬತ್ತಾನೆ?” ಬೆರಳಿಟ್ಟು ಒತ್ತುವ ಜಾಗ ಕನಿಷ್ಠ 48 ಪಿಕ್ಸೆಲ್ಲಿನಷ್ಟಾದರೂ ಇರಬೇಕೆಂದು ಗೂಗಲ್‌ನವರ ಸಲಹೆಯಂತೆ. ಅವರು ಸೊಪ್ಪು ಮುರಿದ ಕೈ ನೋಡಿಲ್ಲ. ಅಳಿಯ ಅಲ್ಲೇ ಬದುವಿನ ಮೇಲೆ ಕೂತು 64 ಮಾಡಿದ. ಬಿಸಿಲಿಗೆ ತಿಳಿನೀಲಿ ಅಕ್ಷರ ಕಾಣುವುದಿಲ್ಲವೆಂದು ಕಪ್ಪು ಮಾಡಿದ. ಅವನು ಬೆಂಗಳೂರಿನಲ್ಲಿ ಕಲಿತದ್ದಕ್ಕಿಂತ ಹೆಚ್ಚಿನದನ್ನು ಆ ಬದುವಿನ ಮೇಲೆ ಕಲಿತನೆಂದು ನನ್ನ ಅಭಿಪ್ರಾಯ. ಅವನ ಮ್ಯಾನೇಜರಿಗೆ ಬೇರೆ ಅಭಿಪ್ರಾಯವಿರಬಹುದು.

ಇಷ್ಟಾದರೂ ಅಸಲು ಕಂಟಕ ಬಾಕಿಯಿತ್ತು. ನಾವು ಬರೆದಿದ್ದೆಲ್ಲ ಹಳೆಯ ‘ನುಡಿ’ ತಂತ್ರಾಂಶದ ಅಕ್ಷರದಲ್ಲಿ. ನುಡಿ ಹಾಕಿದ ಕಂಪ್ಯೂಟರಿನಲ್ಲಿ ಮಾತ್ರ ಅದು ಕನ್ನಡ. ಬೇರೆಡೆ ತೆರೆದರೆ ಇಂಗ್ಲಿಷಿನ ಪಿ, ಕ್ಯೂಗಳು, ತಲೆಯ ಮೇಲೆ ಗೆರೆ ಹೊತ್ತ ಎಗಳು, ಎಲ್ಲೆಲ್ಲಿ ‘ನ’ ಇತ್ತೋ ಅಲ್ಲೆಲ್ಲ ಬ್ರಿಟಿಷ್ ಪೌಂಡಿನ ಗುರುತು. ಶ್ರೀನಾಥರ ನಡುವಿನಲ್ಲೊಂದು ಪೌಂಡು, ಜಾನ್ಸನ್ನರಲ್ಲಿ ಎರಡು. ಎಲ್ಲ ಯಂತ್ರಗಳೂ ಓದಬಲ್ಲ ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು, ಆದರೆ ಆಗ ಹಾಸನದ ಸೈಬರ್ ಕೆಫೆಯಲ್ಲಿದ್ದದ್ದು ನುಡಿ. ಇಷ್ಟು ವರ್ಷ ಗೂಗಲಿನಲ್ಲಿ ‘ಶ್ರೀನಾಥ್’ ಎಂದು ಹುಡುಕಿದವರಿಗೆ ನಾವು ಸಿಗದೆ ಹೋದದ್ದು ಯಾಕೆಂದು ಈಗ ತಿಳಿಯಿತು. ಗೂಗಲಿನ ಪಾಲಿಗೆ ನಮ್ಮದು ಯಾವುದೋ ವಿದೇಶಿ ವಿನಿಮಯದ ಅಂಗಡಿ.

ಎಲ್ಲವನ್ನೂ ಯೂನಿಕೋಡ್ ಪರಿವರ್ತಕಕ್ಕೆ ಹಾಕಿ ತೆಗೆದೆವು. ಹೆಚ್ಚುಕಡಿಮೆ ಬಂತು. ದೀರ್ಘಗಳು ಮಾತ್ರ ತಮ್ಮ ಅಕ್ಷರ ಬಿಟ್ಟು ಪಕ್ಕಕ್ಕೆ ಹೋಗಿ ನಿಂತಿದ್ದವು. ಅವನ್ನು ಒಂದೊಂದಾಗಿ ಹಿಡಿದು ತಂದು ಕೂರಿಸುವುದು ನನ್ನ ಪಾಲಿಗೆ ಬಂತು. ನನ್ನ ಹೆಂಡತಿ ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂತು ತಪ್ಪು ತೋರಿಸುತ್ತ ಹೋದಳು, ಮಧ್ಯೆ ಮಧ್ಯೆ ಓದುತ್ತಲೂ ಹೋದಳು. ಕೊನೆಗೆ ಅಂದಳು, “ಅಲ್ರೀ, ಇಷ್ಟು ವರ್ಷದಿಂದ ನೀವು ಹಾಸನಕ್ಕೆ ಹೋಗಿ ಕೂತು ಬರೀತಿದ್ದದ್ದು ಇದನ್ನೇನಾ?” ಆ ಪ್ರಶ್ನೆಯ ಹಿಂದೆ ಬೇರೇನು ಗುಮಾನಿ ಇತ್ತೋ ಕೇಳುವ ಧೈರ್ಯವಾಗಲಿಲ್ಲ.

ಶ್ರಾವಣ ಹುಟ್ಟುವ ಮುಂಚೆ ಕೆಲಸ ಮುಗಿಯಿತು. ಓಡುವ ‘ಸ್ವಾಗತ’ ಹೋಯಿತು. ನನಗೆ ಅದರ ಮೇಲೆ ಪ್ರೀತಿಯಿತ್ತು, ಹೇಳಿದರೆ ಅಳಿಯ ನಗುತ್ತಿದ್ದ. ಮೀಟರೂ ಹೋಯಿತು. ಸೈಟು ಈಗ ಫೋನಿನಲ್ಲಿ ನೀಟಾಗಿ, ಕಣ್ಣಿಗೆ ಹಿತವಾಗಿ ಕಾಣುತ್ತದೆ. ಎಲ್ಲರಿಗೂ ಲಿಂಕು ಕಳಿಸಿದೆ. ಗೌಡ್ರು ವೈಡ್ ತೆರೆದು ನೋಡಿ ಒಪ್ಪಿಗೆ ಕೊಟ್ಟರು. ಮೇಷ್ಟ್ರಿಂದ ಮಾತ್ರ ಸುದ್ದಿಯಿಲ್ಲ. ನಿಮಿಷದ ಕಾಲಂ ಒಳಗೆ ಅಡಗಿಸಿದ್ದಕ್ಕೆ ಸಿಟ್ಟಾದರೇನೋ ಎಂದು ಅಳಿಯನನ್ನು ಕರೆದುಕೊಂಡು ಮನೆಗೇ ಹೋದೆ.

“ಲಿಂಕು ಯಾವುದಕ್ಕೆ ಕಳಿಸಿದಿರಿ?” ಎಂದು ಮೇಷ್ಟ್ರು ಜೇಬಿನಿಂದ ಫೋನು ತೆಗೆದು ತೋರಿಸಿದರು. ಗುಂಡಿ ಒತ್ತುವ ಫೋನು, ರಬ್ಬರ್‌ಬ್ಯಾಂಡ್ ಹಾಕಿದ್ದು. ನಿಮಿಷಕ್ಕಾಗಿ ಅಷ್ಟು ಹೋರಾಡಿದವರ ಹತ್ತಿರ ಅದನ್ನು ನೋಡುವ ಯಂತ್ರವೇ ಇರಲಿಲ್ಲ. ಪಹಣಿ ತೆಗೆಸುವ ಕಂಪ್ಯೂಟರ್ ಅಂಗಡಿಯಲ್ಲಿ ನಮ್ಮ ಪುಟಗಳನ್ನು ಪ್ರಿಂಟು ಹಾಕಿಸಿ, ಹೊಲಿದು ಓದುವುದು ಅವರ ಕ್ರಮವಂತೆ. ಹೊಸದನ್ನೂ ಹಾಗೆಯೇ ಹಾಕಿಸಿದ್ದರು. ಪುಸ್ತಕ ತಂದು ಮುಂದಿಟ್ಟರು. ದೊಡ್ಡ ಹಾಳೆಯ ಎಡ ಅಂಚಿನಲ್ಲಿ ಸಣ್ಣ ಪಟ್ಟಿಯಾಗಿ ಹೆಸರು ಮತ್ತು ರನ್ನು. ಮುಟ್ಟಿದರೆ ತೆರೆಯುವ ಬಾಗಿಲು ಕಾಗದದ ಮೇಲೆ ತೆರೆಯುವುದೆಲ್ಲಿಂದ? ಮಿಕ್ಕ ಮುಕ್ಕಾಲು ಹಾಳೆ ಖಾಲಿ. ಆ ಖಾಲಿಯಲ್ಲಿ ಸ್ಕೇಲಿಟ್ಟು ಗೆರೆ ಎಳೆದು, ಹಳೆಯ ಪ್ರಿಂಟು ನೋಡಿಕೊಂಡು, ಪೆನ್ಸಿಲಿನಲ್ಲಿ ನಿಮಿಷ, ಚೆಂಡು, ವೈಡ್ ಎಲ್ಲವನ್ನೂ ತುಂಬುತ್ತ ಬಂದಿದ್ದರು. ರಾವಲ್ಪಿಂಡಿಯ 740ರ ಸುತ್ತ ಒಂದು ವೃತ್ತ.

“ಪರವಾಗಿಲ್ಲ ಕಣಪ್ಪ, ಒಳ್ಳೆ ಕೆಲಸ ಮಾಡಿದ್ದೀಯ” ಎಂದರು ಅಳಿಯನಿಗೆ. “ಹಳೇದರಲ್ಲಿ ಬರೆಯೋದಕ್ಕೆ ಜಾಗಾನೇ ಇರಲಿಲ್ಲ.”