ಅಗ್ಗದ ತಟ್ಟೆಯ ಮೀಮಾಂಸೆ

1. ಅನುಬಂಧ ಚತುಷ್ಟಯ

ಯಾವ ಶಾಸ್ತ್ರಗ್ರಂಥವೇ ಆಗಲಿ, ಓದುಗನನ್ನು ಒಳಗೆ ಬಿಟ್ಟುಕೊಳ್ಳುವ ಮೊದಲು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಸ್ಪಷ್ಟಪಡಿಸಬೇಕೆಂಬುದು ಹಿರಿಯರ ಕಟ್ಟಳೆ. ಅದರಂತೆ ಪ್ರಸ್ತುತ ಪ್ರಬಂಧದ ವಿಷಯವು ಲೇಸರ್‌ಡಿಸ್ಕ್ ಎಂಬ ಅಳಿದುಹೋದ ಮಾಧ್ಯಮದಲ್ಲಿ ಹಳೆಯ ಚಲನಚಿತ್ರಗಳನ್ನು ಕೂಡಿಹಾಕುವುದು, ಅದರಲ್ಲಿಯೂ ಅಗ್ಗವಾಗಿ ಕೂಡಿಹಾಕುವುದು. ಪ್ರಯೋಜನವೆಂಬುದು ಈವರೆಗೆ ಯಾವ ಸಂಗ್ರಾಹಕನ ಮನೆಯವರಿಗೂ ಕಂಡುಬಂದಿಲ್ಲವಾದ್ದರಿಂದ, ನಿಷ್ಪ್ರಯೋಜಕವಾದಷ್ಟೂ ಶಾಸ್ತ್ರವು ಶುದ್ಧವಾಗುತ್ತದೆ ಎಂಬ ನ್ಯಾಯವನ್ನು ಇಲ್ಲಿ ಅನ್ವಯಿಸಿಕೊಳ್ಳಬೇಕು. ಸಂಬಂಧವೆಂದರೆ ಗ್ರಂಥಕ್ಕೂ ವಿಷಯಕ್ಕೂ ಇರುವ ನಂಟು. ಸಂಗ್ರಾಹಕನಿಗೂ ಅವನ ಮನೆಯವರಿಗೂ ಇರುವ ನಂಟು ಈ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ, ತಟ್ಟೆಗಳ ಸಂಖ್ಯೆ ಏರಿದಂತೆ ಅದು ಯಾವ ಶಾಸ್ತ್ರದ ಹತೋಟಿಗೂ ಸಿಕ್ಕುವುದಿಲ್ಲ. ಇನ್ನು ಅಧಿಕಾರಿ, ಅಂದರೆ ಈ ಶಾಸ್ತ್ರವನ್ನು ಓದಲು ಅರ್ಹನಾದವನು: ಗಟ್ಟಿಯಾದ ಮರದ ಕಪಾಟು, ಗಟ್ಟಿಯಾದ ಸೊಂಟ, ಮತ್ತು 'ಇದೆಲ್ಲ ಮೊಬೈಲಿನಲ್ಲೇ ಸಿಗುತ್ತದಲ್ಲ' ಎಂಬ ಮಾತು ಬಿದ್ದರೂ ಬೀಳದಂತಿರುವ ಕಿವಿ, ಈ ಮೂರೂ ಉಳ್ಳವನೇ ಅಧಿಕಾರಿ.

2. ವಸ್ತುಲಕ್ಷಣ

ಕರ್ನಾಟಕದಲ್ಲಿ ವಿಡಿಯೋ ಇದ್ದ ಬಹುಪಾಲು ಮನೆಗಳು ವಿ.ಎಚ್.ಎಸ್. ಕ್ಯಾಸೆಟ್ಟಿನಿಂದ ನೇರವಾಗಿ ವಿ.ಸಿ.ಡಿ.ಗೆ ದಾಟಿಕೊಂಡವಾದ್ದರಿಂದ, ಅದೇ ಕಾಲದಲ್ಲಿ ಅಮೆರಿಕ, ಜಪಾನುಗಳಲ್ಲಿ ಬಾಳಿ ಹೋದ ಈ ತಟ್ಟೆಯನ್ನು ಕಣ್ಣಾರೆ ಕಂಡ ಕನ್ನಡಿಗರು ವಿರಳ. ಆದಕಾರಣ ಲಕ್ಷಣ ಹೇಳುವುದು ಅವಶ್ಯ. ಲೇಸರ್‌ಡಿಸ್ಕ್ ಎಂದರೆ 30 ಸೆಂಟಿಮೀಟರ್ ವ್ಯಾಸದ, ಗ್ರಾಮಫೋನಿನ ಎಲ್.ಪಿ.ಯಷ್ಟೇ ಅಗಲದ, ಅಲ್ಯೂಮಿನಿಯಂ ಲೇಪನವುಳ್ಳ ಎರಡು ಅಕ್ರಿಲಿಕ್ ಬಿಲ್ಲೆಗಳನ್ನು ಬೆನ್ನಿಗೆ ಬೆನ್ನು ಅಂಟಿಸಿ ಮಾಡಿದ ತಟ್ಟೆ. ಅದರ ಮೈಮೇಲಿನ ಸೂಕ್ಷ್ಮ ಗುಳಿಗಳ ಸಾಲನ್ನು ಲೇಸರ್ ಕಿರಣವು ಓದಿ ಟಿ.ವಿ.ಗೆ ಒಪ್ಪಿಸುತ್ತದೆ. ಥಳಥಳಿಸುವ ಮೈಯನ್ನು ಕಂಡು ಇದನ್ನು ಡಿಜಿಟಲ್ ಎಂದು ಭ್ರಮಿಸುವವರುಂಟು. ಆದರೆ ಚಿತ್ರವು ಇಲ್ಲಿ ಅಂಕಿಗಳಾಗಿ ಕುಳಿತಿಲ್ಲ, ಗುಳಿಗಳ ಉದ್ದ ಮತ್ತು ಅಂತರಗಳ ಏರಿಳಿತದಲ್ಲಿ ಅನಲಾಗ್ ಸಂಕೇತವಾಗಿಯೇ ಕುಳಿತಿದೆ. ಈ ಭೇದವನ್ನು ಅತಿಥಿಗಳಿಗೆ ವಿವರಿಸುವುದು ಸಂಗ್ರಾಹಕನ ನಿತ್ಯಕರ್ಮಗಳಲ್ಲೊಂದು, ಅತಿಥಿಗಳು ಕಡಿಮೆಯಾಗುವುದು ಅದರ ಫಲ.

ಅಮೆರಿಕದ ಎಂ.ಸಿ.ಎ. ಮತ್ತು ಹಾಲೆಂಡಿನ ಫಿಲಿಪ್ಸ್ ಸಂಸ್ಥೆಗಳು ಕೂಡಿ 1978ರ ಡಿಸೆಂಬರಿನಲ್ಲಿ ಅಟ್ಲಾಂಟಾ ನಗರದಲ್ಲಿ ಡಿಸ್ಕೋವಿಷನ್ ಎಂಬ ಹೆಸರಿನಿಂದ ಈ ತಟ್ಟೆಯನ್ನು ಮಾರಾಟಕ್ಕಿಟ್ಟವು. ಮೊದಲ ಕಂತಿನಲ್ಲಿಯೇ ಬಂದ 'ಜಾಸ್' ಚಿತ್ರದ ಶಾರ್ಕ್ ಮೀನು ಹೀಗೆ ಸಮುದ್ರ ಬಿಟ್ಟು ಬೈಠಕ್ ಖಾನೆಗೆ ಈಜಿಕೊಂಡು ಬಂದಿತು. ಸಂಗೀತದ ಸಿ.ಡಿ. ಪೇಟೆಗೆ ಬಂದದ್ದು ಇದಾದ ನಾಲ್ಕು ವರ್ಷಕ್ಕೆ. ಮುಂದೆ ಜಪಾನಿನ ಪಯೋನಿಯರ್ ಸಂಸ್ಥೆ ಇದನ್ನು ಲೇಸರ್‌ಡಿಸ್ಕ್ ಎಂಬ ಹೆಸರಿನಲ್ಲಿ ಸಾಕಿ ಬೆಳೆಸಿತು. ವಿ.ಎಚ್.ಎಸ್. ಸುಮಾರು 240 ಗೆರೆಗಳಷ್ಟು ಸ್ಪಷ್ಟತೆ ತೋರಿಸಿದರೆ ಇದು 400ಕ್ಕೂ ಮೀರಿ ತೋರಿಸುತ್ತಿತ್ತು. ಆದರೂ ಟಿ.ವಿ. ಕಾರ್ಯಕ್ರಮವನ್ನು ಮನೆಯಲ್ಲಿ ಇದರ ಮೇಲೆ ರೆಕಾರ್ಡ್ ಮಾಡಿಕೊಳ್ಳಲು ಬರುತ್ತಿರಲಿಲ್ಲವಾದ್ದರಿಂದ, ಲೋಕವು ಸ್ಪಷ್ಟವಾಗಿ ಕಾಣುವುದಕ್ಕಿಂತ ಪುಕ್ಕಟೆಯಾಗಿ ಕಾಣುವುದನ್ನೇ ಆರಿಸಿಕೊಂಡಿತು. 1996–97ರಲ್ಲಿ ಡಿ.ವಿ.ಡಿ. ಬಂದ ಮೇಲೆ ಇದರ ಆಯುಷ್ಯ ಮುಗಿಯುತ್ತ ಬಂದು, 2000ದ ಸುಮಾರಿಗೆ ಅಮೆರಿಕದಲ್ಲಿ ಹೊಸ ತಟ್ಟೆಗಳು ನಿಂತವು. 2009ರ ಜನವರಿಯಲ್ಲಿ ಪಯೋನಿಯರ್ ಸಂಸ್ಥೆ ಇನ್ನು ಸುಮಾರು 3000 ಯಂತ್ರಗಳನ್ನು ಮಾಡಿ ಕೈ ತೊಳೆದುಕೊಳ್ಳುವುದಾಗಿ ಸಾರಿತು. ಇತಿಹಾಸಕಾರರು ಇಲ್ಲಿಗೆ ಪುಸ್ತಕ ಮುಚ್ಚುತ್ತಾರೆ, ಸಂಗ್ರಾಹಕನು ಇಲ್ಲಿಂದ ಪರ್ಸು ತೆರೆಯುತ್ತಾನೆ.

3. ಗತಿವಿಚಾರ

ತಟ್ಟೆಗೆ ಎರಡು ಗತಿಗಳುಂಟು. ಮೊದಲನೆಯದು ಸಿ.ಎ.ವಿ., ಅಂದರೆ ಸ್ಥಿರ ಕೋನವೇಗ: ಅಮೆರಿಕ-ಜಪಾನುಗಳ ಎನ್.ಟಿ.ಎಸ್.ಸಿ. ಪದ್ಧತಿಯಲ್ಲಿ ತಟ್ಟೆಯು ಮೊದಲಿಂದ ಕೊನೆಯವರೆಗೆ ನಿಮಿಷಕ್ಕೆ 1800 ಸುತ್ತಿನಂತೆ ತಿರುಗಿ, ಸುತ್ತಿಗೊಂದು ಚೌಕಟ್ಟಿನ ಲೆಕ್ಕದಲ್ಲಿ ಒಂದು ಮುಖಕ್ಕೆ 54,000 ಚೌಕಟ್ಟುಗಳನ್ನು, ಅಂದರೆ 30 ನಿಮಿಷದ ಚಿತ್ರವನ್ನು ತೋರಿಸುತ್ತದೆ. ಬೇಕೆಂದ ಚೌಕಟ್ಟಿನಲ್ಲಿ ಚಿತ್ರವನ್ನು ಅಲುಗದಂತೆ ನಿಲ್ಲಿಸಬಹುದು. ಎರಡನೆಯದು ಸಿ.ಎಲ್.ವಿ., ಅಂದರೆ ಸ್ಥಿರ ರೇಖಾವೇಗ: ಒಳಸುತ್ತಿನಲ್ಲಿ 1800 ಇದ್ದ ವೇಗವು ಹೊರ ಅಂಚಿಗೆ ಬರುವಷ್ಟರಲ್ಲಿ 600ಕ್ಕೆ ಇಳಿದು, ಒಂದು ಮುಖಕ್ಕೆ 60 ನಿಮಿಷ ಒದಗುತ್ತದೆ, ಆದರೆ ಸಾಧಾರಣ ಯಂತ್ರದಲ್ಲಿ ನಿಲ್ಲಿಸಹೊರಟರೆ ತೆರೆಯೇ ಖಾಲಿಯಾಗುತ್ತದೆ. ಮೊದಲ ಗತಿಯವರು ಎರಡನೆಯವರನ್ನು ಆತುರಗಾರರೆನ್ನುತ್ತಾರೆ, ಎರಡನೆಯವರು ಮೊದಲಿನವರನ್ನು ವ್ಯಾಯಾಮಪ್ರಿಯರೆನ್ನುತ್ತಾರೆ.

ವ್ಯಾಯಾಮವೆಂಬುದು ಅರ್ಥವಾದವಲ್ಲ. ಕ್ಷೀರಸಾಗರದಲ್ಲಿ ಪವಡಿಸಿದ ವಿಷ್ಣುವು ಭಾದ್ರಪದ ಶುದ್ಧ ಏಕಾದಶಿಯಂದು, ವರ್ಷಕ್ಕೊಂದೇ ಸಲ, ಮಗ್ಗುಲು ಬದಲಿಸುತ್ತಾನೆ. ಲೇಸರ್‌ಡಿಸ್ಕಾದರೋ ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತದೆ, ಬದಲಿಸಬೇಕಾದವನು ಸಂಗ್ರಾಹಕ. ಕುರೊಸಾವಾನ 'ಸೆವೆನ್ ಸಮುರಾಯ್' 207 ನಿಮಿಷದ ಚಿತ್ರ, ಸಿ.ಎಲ್.ವಿ.ಯಲ್ಲಿ ಅದಕ್ಕೆ ನಾಲ್ಕು ಮುಖ ಸಾಕು, ಸಿ.ಎ.ವಿ.ಯಲ್ಲಿ ಲೆಕ್ಕ ಹಾಕಿದರೆ ಸರಿಯಾಗಿ ಏಳು ಮುಖ ಬೇಕಾಗುತ್ತದೆ. ಒಬ್ಬೊಬ್ಬ ಸಮುರಾಯನಿಗೆ ಒಂದೊಂದು ಮುಖ ದೊರೆಯುವ ಈ ಸಂಗತಿಯನ್ನು ಕಾಕತಾಳೀಯವೆಂದು ತಳ್ಳಿಹಾಕುವ ಧೈರ್ಯ ಶಾಸ್ತ್ರಕ್ಕಿಲ್ಲ. ಎರಡೂ ಮುಖಗಳನ್ನು ತಾನೇ ಓದಿಕೊಳ್ಳುವ ಯಂತ್ರಗಳು ಆಮೇಲೆ ಬಂದವಾದರೂ, ಅವುಗಳಲ್ಲಿ ಕಿರಣವು ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಹೋಗುವ ಕೆಲವು ಕ್ಷಣ ತೆರೆ ಖಾಲಿಯಿರುತ್ತದೆ. ಕಾಫಿಯ ವಿಷಯ ಎತ್ತಲು ಸಂಗ್ರಾಹಕನಿಗೆ ಇದಕ್ಕಿಂತ ಒಳ್ಳೆಯ ಮುಹೂರ್ತವಿಲ್ಲ.

4. ಅಗ್ಗಲಕ್ಷಣ

ಅಗ್ಗವೆಂದರೆ ಕಡಿಮೆ ಬೆಲೆ ಎಂಬ ಲೌಕಿಕರ ವ್ಯಾಖ್ಯೆಯು ಅತಿವ್ಯಾಪ್ತಿ, ಅವ್ಯಾಪ್ತಿ ಎರಡೂ ದೋಷಗಳಿಂದ ಕೂಡಿದೆ. ಯಾರಿಗೂ ಬೇಡವಾದ ಕರಾವೊಕೆ ತಟ್ಟೆಯು ಎಷ್ಟು ಕಡಿಮೆಗೆ ಸಿಕ್ಕರೂ ಅಗ್ಗವಲ್ಲ, ಅದು ಕಸ, ಇದು ಅತಿವ್ಯಾಪ್ತಿ. ತಿಂಗಳ ಮನೆ ಬಾಡಿಗೆಯಷ್ಟು ತೆತ್ತು ತಂದುದನ್ನೂ 'ಅಗ್ಗಕ್ಕೆ ಸಿಕ್ಕಿತು' ಎಂದು ಸಂಗ್ರಾಹಕನು ಮನೆಯಲ್ಲಿ ಹೇಳುವುದುಂಟು, ಇದು ಅವ್ಯಾಪ್ತಿ. ಹೀಗಾಗಿ ಶುದ್ಧ ಲಕ್ಷಣ ಇಷ್ಟು: ಒಂದು ಕಾಲಕ್ಕೆ ದುಬಾರಿಯಾಗಿದ್ದ ವಸ್ತುವಿನ ಯೋಗ್ಯತೆಯು ಮಾರುವವನಿಗೆ ಮರೆತುಹೋಗಿ ಕೊಳ್ಳುವವನಿಗೆ ಮಾತ್ರ ನೆನಪಿರುವ ಅವಸ್ಥೆಯೇ ಅಗ್ಗ. 1993ರಲ್ಲಿ ಮೂರು 'ಸ್ಟಾರ್ ವಾರ್ಸ್' ಚಿತ್ರಗಳನ್ನು ಸಿ.ಎ.ವಿ. ಕ್ರಮದಲ್ಲಿ ಒಂಬತ್ತು ತಟ್ಟೆಗಳಿಗೆ ಹಂಚಿ, ಸುಮಾರು 250 ಡಾಲರ್ ಬೆಲೆ ಕಟ್ಟಿ ಮಾರಲಾಯಿತು. ಆ ಪೆಟ್ಟಿಗೆಯನ್ನು ಅದರ ಹತ್ತಿರಕ್ಕೂ ಹೋಗದ ಬೆಲೆಗೆ ಎತ್ತಿಕೊಂಡು ಬರುವವನ ಮುಖದಲ್ಲಿ ಕಾಣುವ ಕಳೆಗೆ ಸಿನಿಮಾ ಕಾರಣವಲ್ಲ, ವ್ಯವಕಲನ ಕಾರಣ.

ಇಂಥ ಅಗ್ಗವು ಮೂರು ವಿಧ. ಮಾರುವವನಿಗೆ ಯೋಗ್ಯತೆ ತಿಳಿಯದೆ ದೊರೆಯುವುದು ಉತ್ತಮ. ತಿಳಿದೂ ಮನೆಯಲ್ಲಿ ಜಾಗವಿಲ್ಲದೆ ಮಾರುವುದರಿಂದ ದೊರೆಯುವುದು ಮಧ್ಯಮ. ಜಪಾನಿನ ಸಣ್ಣ ಮನೆಗಳು ಈ ವರ್ಗಕ್ಕೆ ಅಪಾರ ಕೊಡುಗೆ ನೀಡಿವೆ. ತಟ್ಟೆಗೆ ರೋಗ ತಗುಲಿದೆಯೆಂದು ಮಾರುವವನಿಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದಿರುವುದು ಅಧಮ. ಆದರೆ ಮೂರರಲ್ಲಿ ಯಾವುದೇ ಆಗಲಿ, ಅಗ್ಗವು ಒಂಟಿಯಾಗಿ ಮನೆಗೆ ಬರುವುದಿಲ್ಲ. 100 ಯೆನ್ ಕೊಟ್ಟ ತಟ್ಟೆಯನ್ನು ಬೆಂಗಳೂರಿಗೆ ತರಿಸಿದರೆ ಅಂಚೆ ವೆಚ್ಚವು ತಟ್ಟೆಯ ಬೆಲೆಯನ್ನು ಎಷ್ಟೋ ಪಟ್ಟು ಮೀರುತ್ತದೆ, ಅದನ್ನು ನೋಡಲು ಜಪಾನಿನ ಯಂತ್ರ ಬೇಕಾಗುತ್ತದೆ, ಆ ಯಂತ್ರವು 100 ವೋಲ್ಟಿನ ದೇಶದ್ದಾದ್ದರಿಂದ ಇಲ್ಲಿಯ 230 ವೋಲ್ಟಿಗೆ ಸುಟ್ಟುಹೋಗದಂತೆ ಟ್ರಾನ್ಸ್‌ಫಾರ್ಮರ್ ಬೇಕಾಗುತ್ತದೆ, ಡಾಲ್ಬಿಯ ಎ.ಸಿ.-3 ಧ್ವನಿಯುಳ್ಳ ತಟ್ಟೆ ಸಿಕ್ಕಿತೋ, ಆ ಧ್ವನಿಯನ್ನು ಬಿಡಿಸಿ ಕೊಡುವ ಬೇರೊಂದು ಪೆಟ್ಟಿಗೆ ಬೇಕಾಗುತ್ತದೆ. ಸನ್ಯಾಸಿಯ ಸಂಸಾರ ಬೆಕ್ಕಿನಿಂದ ಆರಂಭವಾದ ಕಥೆಯನ್ನು ಬಲ್ಲವರಿಗೆ ಇದರ ಮುಂದಿನ ಭಾಗ ಹೇಳಬೇಕಾಗಿಲ್ಲ.

5. ಪ್ರಮಾಣವಿಚಾರ

ಬೇಟೆಯ ಕ್ಷೇತ್ರಗಳಲ್ಲಿ ಜಪಾನಿನ ಹಳೆ ಸಾಮಾನಿನ ಅಂಗಡಿಗಳು ಶ್ರೇಷ್ಠವೆಂದು ಸಂಗ್ರಾಹಕರಲ್ಲಿ ಒಮ್ಮತವಿದೆ. ಹಾರ್ಡ್ ಆಫ್ ಎಂಬ ಸರಣಿ ಮಳಿಗೆಗಳಲ್ಲಿ 'ಜಂಕ್' ಎಂದು ಬರೆದ ವಿಭಾಗವೊಂದಿರುತ್ತದೆ. ಅಲ್ಲಿಯ ವಸ್ತು ಕೆಲಸ ಮಾಡುತ್ತದೆಂಬ ಭರವಸೆಯಿಲ್ಲ, ಮಾಡದಿದ್ದರೆ ಹಿಂದಿರುಗಿಸುವ ಅವಕಾಶವೂ ಇಲ್ಲ. ಲೋಕದ ಉಳಿದ ವ್ಯವಹಾರಗಳೂ ಇದೇ ಷರತ್ತಿನ ಮೇಲೆ ನಡೆಯುತ್ತವೆಯಾದರೂ ಅದನ್ನು ಫಲಕ ಹಾಕಿ ಒಪ್ಪಿಕೊಂಡಿರುವುದು ಇಲ್ಲಿ ಮಾತ್ರ. ಸಂಗ್ರಾಹಕನು ಮಂಡಿಯೂರಿ ಕುಳಿತು, ಪೆಟ್ಟಿಗೆಯಲ್ಲಿ ನಿಲ್ಲಿಸಿಟ್ಟ ರಟ್ಟಿನ ಕವಚಗಳ ತುದಿಗಳನ್ನು ಎರಡು ಬೆರಳಿನಿಂದ ಒಂದೊಂದಾಗಿ ಮುಂದಕ್ಕೆ ಬಾಗಿಸುತ್ತ ಹೋಗುತ್ತಾನೆ. ಕವಚದ ಎಡ ಅಂಚನ್ನು ಸುತ್ತಿ, ಚಿತ್ರದ ಹೆಸರು, ಬೆಲೆಗಳನ್ನು ಹೊತ್ತಿರುವ ಕಾಗದದ ಪಟ್ಟಿಗೆ 'ಓಬಿ' ಎಂದು ಹೆಸರು. ಅದು ಹರಿಯದೆ ಉಳಿದಿದ್ದರೆ ಸಂಗ್ರಾಹಕನ ಉಸಿರು ಒಂದು ಕ್ಷಣ ನಿಲ್ಲುತ್ತದೆ, ಒಳಗೆ ತಟ್ಟೆ ಇದೆಯೋ ಇಲ್ಲವೋ ಎಂಬುದು ಆಮೇಲಿನ ಪ್ರಶ್ನೆ.

ತಟ್ಟೆಯ ಆರೋಗ್ಯವನ್ನು ತಿಳಿಯಲು ಮೂರು ಪ್ರಮಾಣಗಳನ್ನು ಪರಿಶೀಲಿಸಬೇಕು. ಇದಕ್ಕೆ ಬರುವ ಮುಖ್ಯ ವ್ಯಾಧಿಯೇ ಲೇಸರ್ ರಾಟ್: ಎರಡು ಬಿಲ್ಲೆಗಳನ್ನು ಕೂಡಿಸಿದ ಅಂಟು ಕೆಟ್ಟು, ಒಳಗಿನ ಅಲ್ಯೂಮಿನಿಯಂ ಲೇಪನವು ಗಾಳಿ, ತೇವಗಳ ಸಂಪರ್ಕದಿಂದ ಕಿಲುಬು ಹಿಡಿದು, ತೆರೆಯ ಮೇಲೆ ಬಣ್ಣಬಣ್ಣದ ಚುಕ್ಕಿಗಳು ಉದುರತೊಡಗುವುದೇ ಇದರ ಲಕ್ಷಣ. ಪ್ರತ್ಯಕ್ಷ ಪ್ರಮಾಣವೆಂದರೆ ತಟ್ಟೆಯನ್ನು ಅಂಚಿನಲ್ಲಿ ಮಾತ್ರ ಹಿಡಿದು, ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ತಿರುಗಿಸಿ ನೋಡುವುದು. ಗೀರು ಕಾಣುತ್ತದೆ, ಬಗ್ಗಿರುವುದು ಕಾಣುತ್ತದೆ, ರೋಗವು ಮಾತ್ರ ಎಷ್ಟೋ ಸಲ ಕಣ್ಣಿಗೆ ಬೀಳುವುದಿಲ್ಲ. ಅನುಮಾನ ಪ್ರಮಾಣವೆಂದರೆ ಲೇಬಲ್ಲಿನ ಸುತ್ತ ಒಳವರ್ತುಲದಲ್ಲಿ ಕೊರೆದಿರುವ ಅಂಕಿ-ಅಕ್ಷರಗಳಿಂದ ಯಾವ ಕಾರ್ಖಾನೆಯಲ್ಲಿ ಅಚ್ಚಾಯಿತೆಂದು ಊಹಿಸಿ, ಹೊಗೆಯಿಂದ ಬೆಂಕಿಯನ್ನು ಅನುಮಾನಿಸುವ ಕ್ರಮದಲ್ಲಿ ರೋಗವನ್ನು ಅನುಮಾನಿಸುವುದು. ಶಬ್ದ ಪ್ರಮಾಣವೆಂದರೆ ಆಪ್ತನ ವಾಕ್ಯ; ಮಾರುವವನು ಆಪ್ತನಲ್ಲವಾದ್ದರಿಂದ 'ಚೆನ್ನಾಗಿ ಓಡುತ್ತದೆ ಸ್ವಾಮಿ' ಎಂಬ ವಾಕ್ಯವು ಪ್ರಮಾಣಕೋಟಿಗೆ ಸೇರುವುದಿಲ್ಲ.

6. ಪೂರ್ವಪಕ್ಷ ಮತ್ತು ಸಿದ್ಧಾಂತ

ಇಲ್ಲಿ ಪೂರ್ವಪಕ್ಷಿಯು ಆಕ್ಷೇಪಿಸುತ್ತಾನೆ: ಅದೇ ಚಿತ್ರವು ಹೆಚ್ಚಿನ ಸ್ಪಷ್ಟತೆಯಲ್ಲಿ, ಮಗ್ಗುಲು ಬದಲಿಸುವ ಕಷ್ಟವಿಲ್ಲದೆ, ಬ್ಲೂ-ರೇಯಲ್ಲೋ ಅಂತರ್ಜಾಲದಲ್ಲೋ ಸಿಗುವಾಗ ಈ ಹೊರೆಯೇಕೆ? ಅದಕ್ಕೆ ಸಿದ್ಧಾಂತಿಯ ಸಮಾಧಾನ: 'ಅದೇ ಚಿತ್ರ' ಎಂಬ ಹೇತುವೇ ಅಸಿದ್ಧ. 'ಸ್ಟಾರ್ ವಾರ್ಸ್' ಚಿತ್ರಗಳನ್ನು ಅವುಗಳ ಸೃಷ್ಟಿಕರ್ತರು 1997ರಿಂದ ತಿದ್ದುತ್ತ ಬಂದರು. ಥಿಯೇಟರಿನಲ್ಲಿ ಜನ ಮೊದಲು ಕಂಡ ರೂಪವನ್ನು 2006ರಲ್ಲಿ ಡಿ.ವಿ.ಡಿ.ಯ ಜೊತೆ ಕೊಡಬೇಕಾಗಿ ಬಂದಾಗ, 1993ರಲ್ಲಿ ಲೇಸರ್‌ಡಿಸ್ಕಿಗೆಂದು ಸಿದ್ಧಪಡಿಸಿದ್ದ ಪ್ರತಿಯನ್ನೇ ಹೊರತೆಗೆಯಬೇಕಾಯಿತು. ಡಿಸ್ನಿಯ 1946ರ 'ಸಾಂಗ್ ಆಫ್ ದ ಸೌತ್' ಅಮೆರಿಕದಲ್ಲಿ ಮನೆಯ ವಿಡಿಯೋ ರೂಪದಲ್ಲಿ ಬರಲೇ ಇಲ್ಲ, ಜಪಾನಿನಲ್ಲಿ ಲೇಸರ್‌ಡಿಸ್ಕ್ ಆಗಿ ಬಂದಿತು. ಇಂದು ಸಾಮಾನ್ಯವಾಗಿರುವ ಧ್ವನಿ ವ್ಯಾಖ್ಯಾನವೂ, ಅಂದರೆ ಚಿತ್ರ ಓಡುತ್ತಿರುವಾಗ ಬಲ್ಲವರೊಬ್ಬರು ಅದರ ಬಗ್ಗೆ ಮಾತಾಡುತ್ತ ಹೋಗುವ ಪದ್ಧತಿಯೂ, ಹುಟ್ಟಿದ್ದು ಇಲ್ಲಿಯೇ: ಕ್ರೈಟೀರಿಯನ್ ಸಂಸ್ಥೆ 1984ರಲ್ಲಿ ತಂದ 'ಕಿಂಗ್ ಕಾಂಗ್' ತಟ್ಟೆಯ ಇನ್ನೊಂದು ಧ್ವನಿಪಥದಲ್ಲಿ ರೊನಾಲ್ಡ್ ಹೇವರ್ ಎಂಬ ಚಿತ್ರ ಇತಿಹಾಸಕಾರರು ಮಾತಾಡಿದರು. ಸಿನಿಮಾದ ನಡುವೆ ಮಾತಾಡುವವರನ್ನು ಅದುವರೆಗೆ ಟಾಕೀಸಿನಿಂದ ಹೊರಗೆ ಕಳಿಸಲಾಗುತ್ತಿತ್ತು.

ಪೂರ್ವಪಕ್ಷಿಯು ಇಷ್ಟಕ್ಕೆ ಸುಮ್ಮನಾಗದೆ, ಹಾಗಾದರೆ ಅಂಥ ಅಪೂರ್ವ ತಟ್ಟೆಗಳನ್ನಷ್ಟೇ ಇಟ್ಟುಕೊಂಡರೆ ಸಾಲದೆ, ಎಲ್ಲೆಡೆ ಸಿಗುವ ಚಿತ್ರಗಳನ್ನೂ, ಒಂದೇ ಚಿತ್ರದ ಎರಡು-ಮೂರು ಪ್ರತಿಗಳನ್ನೂ ಪೇರಿಸಿರುವುದೇಕೆ ಎಂದು ಮತ್ತೆ ಕೇಳುತ್ತಾನೆ. ಈ ಹಂತದಲ್ಲಿ ಸಿದ್ಧಾಂತಿಗೆ ತಟ್ಟೆ ಒರೆಸುವ ಕೆಲಸ ನೆನಪಾಗುವುದು ವಾಡಿಕೆ.

7. ವಿರೋಧಪರಿಹಾರ ಮತ್ತು ನಿಗಮನ

ಶಾಸ್ತ್ರದ ಹೃದಯದಲ್ಲಿಯೇ ಒಂದು ವಿರೋಧವಿದೆ. ತನ್ನ ತಟ್ಟೆಗಳ ಗುಣವನ್ನು ಲೋಕಕ್ಕೆ ಸಾರದೆ ಸಂಗ್ರಾಹಕನು ಇರಲಾರ. ಆದರೆ ಲೋಕವು ಅವನ ಮಾತನ್ನು ನಂಬಿದ ಮರುದಿನವೇ 100 ಯೆನ್‌ನ ತಟ್ಟೆಗೆ 3000 ಯೆನ್ ಆಗುತ್ತದೆ. ಹೀಗೆ ಅವನ ವಾದ ಗೆದ್ದರೆ ಬೇಟೆ ಸೋಲುತ್ತದೆ, ಬೇಟೆ ಗೆಲ್ಲಬೇಕಾದರೆ ಎಲ್ಲರೂ ಅವನನ್ನು ಹುಚ್ಚನೆಂದೇ ಭಾವಿಸಿರಬೇಕು. ಇದಕ್ಕೆ ಪರಿಹಾರವೆಂದರೆ, ಯಂತ್ರವಿಲ್ಲದವರ ಮುಂದೆ ಮಾತ್ರ ಗುಣಗಾನ ಮಾಡತಕ್ಕದ್ದು. ಹೊಸ ಯಂತ್ರಗಳು ನಿಂತು, ಹಳೆಯವು ಬೆಲ್ಟು ಸಡಿಲಗೊಂಡು ಮೂಲೆ ಸೇರುತ್ತಿರುವುದರಿಂದ ಅಂಥ ಶ್ರೋತೃಗಳಿಗೆ ಬರವಿಲ್ಲ.

ಇನ್ನೊಂದು ಸಂಗತಿ. ಈ ತಟ್ಟೆಗಳನ್ನು ಇಂದು ಯಾರೂ ಅಚ್ಚು ಮಾಡುತ್ತಿಲ್ಲವಾದ್ದರಿಂದ, ಜಂಕ್ ಪೆಟ್ಟಿಗೆಗೆ ಬಂದು ಬೀಳುವುದೆಲ್ಲ ಇನ್ನೊಬ್ಬ ಸಂಗ್ರಾಹಕನ ಕಪಾಟಿನಿಂದಲೇ ಬಂದದ್ದು. ಎಲ್ಲೋ ಒಂದು ಮನೆಯಲ್ಲಿ ಮನೆಯವರ ಪಕ್ಷ ಗೆದ್ದಾಗಲೇ ಇನ್ನೊಂದು ಮನೆಯ ಸಂಗ್ರಾಹಕನಿಗೆ ಸುಗ್ಗಿ. ಆದ್ದರಿಂದ ಸಂಪ್ರದಾಯವು ಮುಂದುವರಿಯಬೇಕೆಂಬ ಕಾಳಜಿಯುಳ್ಳವನು ಕವಚದ ಮೇಲಿನ ಬೆಲೆಯ ಚೀಟಿಯನ್ನು ಕೀಳಬಾರದೆಂಬುದು ಈ ಶಾಸ್ತ್ರದ ಕೊನೆಯ ವಿಧಿ. ಕಿತ್ತರೆ ಮುಂದೆ ಕಪಾಟು ಖಾಲಿ ಮಾಡುವ ಮಕ್ಕಳು ಓಬಿಯ ಮೇಲಿನ ಮೂಲ ಬೆಲೆಯನ್ನು ನೋಡಿ, ಅಪ್ಪ ಆಸ್ತಿ ಬಿಟ್ಟುಹೋಗಿದ್ದಾರೆಂದು ತಿಳಿದು, ಯಾರಿಗೂ ಎಟುಕದ ಬೆಲೆ ಹೇಳುತ್ತ ಕೂರುತ್ತಾರೆ. ಬಿಟ್ಟರೆ 100 ಯೆನ್ ಎಂಬುದನ್ನು ಓದಿಕೊಂಡು, ಬಂದವರಿಗೆ ಬಂದ ಬೆಲೆಗೆ ಕೊಟ್ಟು ಕೈ ಝಾಡಿಸುತ್ತಾರೆ. ಚೀಟಿಯನ್ನು ಉಳಿಸಿಕೊಳ್ಳುವುದರಿಂದ ಮನೆಯವರಿಗೆ ಹೇಳಿದ ಬೆಲೆಯೂ ಕೊಟ್ಟ ಬೆಲೆಯೂ ತಾಳೆಯಾಗಬೇಕಾದ ಅನಿವಾರ್ಯತೆ ಒದಗುತ್ತದೆ ಎಂಬ ಆಕ್ಷೇಪವನ್ನು ಕೆಲವರು ಎತ್ತಿದ್ದಾರೆ. ಅದು ಗಂಭೀರವಾದ ಆಕ್ಷೇಪವೇ ಆದ್ದರಿಂದ ಅದರ ವಿಚಾರವನ್ನು ಮುಂದಿನ ಸಂಪುಟಕ್ಕೆ ಬಿಡಲಾಗಿದೆ.