ಎಂಟು ಮೂಲೆ, ಏಳು ಯಜಮಾನರು

ಮನೆಗೆ ಬಂದ ನೆಂಟರಿಗೆ ಪ್ರವಾಸದ ಫೋಟೋ ತೋರಿಸುವ ಅಭ್ಯಾಸವನ್ನು ನಾನಿನ್ನೂ ಬಿಟ್ಟಿಲ್ಲ. ನೆಂಟರು ಬರುವ ಅಭ್ಯಾಸವನ್ನು ಬಿಡುತ್ತಿದ್ದಾರೆ. ಅವರೆಲ್ಲರ ತಕರಾರು ಒಂದೇ: "ಬರೀ ಬಾಗಿಲೇ ಇದೆಯಲ್ಲೇ, ನೀವೆಲ್ಲಿ?" ಕೋಟೆಗೆ ಹೋದವರು ಕೋಟೆಯ ಮುಂದೆ ನಿಂತು ಎರಡು ಬೆರಳೆತ್ತಬೇಕು, ಇಲ್ಲದಿದ್ದರೆ ಹೋಗಿದ್ದಕ್ಕೆ ಸಾಕ್ಷಿ ಏನು ಎಂಬುದು ಅವರ ವಾದ. ನನಗೆ ಬೇಕಾದದ್ದು ಕೋಟೆ. ಬುಡದಿಂದ ತೆನೆಯವರೆಗೆ ಪೂರ್ತಿ ಕೋಟೆ, ನಡುವೆ ಯಾರ ಹೊಟ್ಟೆಯೂ ಅಡ್ಡ ಬರಬಾರದು.

ಈ 'ಪೂರ್ತಿ' ಎನ್ನುವುದರಲ್ಲೇ ಇರುವುದು ತೊಂದರೆ. ಹೊರಗಿನಿಂದ ಬಂದವರಿಗೆ ಪೂರ್ತಿ ಕಾಣಬಾರದು ಎಂದೇ ತಾನೆ ಕೋಟೆ ಕಟ್ಟುವುದು? ಚಿತ್ರದುರ್ಗದ ಬಾಗಿಲುಗಳನ್ನೇ ತೆಗೆದುಕೊಳ್ಳಿ. ನೇರ ಹೋದರೆ ಸಿಗುವುದು ಗೋಡೆ. ಅತ್ತ ತಿರುಗಿ ಇತ್ತ ತಿರುಗಿ ಇನ್ನೇನು ದಾರಿ ತಪ್ಪಿತು ಅನ್ನುವಾಗ ಬಾಗಿಲು ಮೂಗಿಗೇ ತಾಕುತ್ತದೆ. ಶತ್ರುವಿನ ಆನೆ ದೂರದಿಂದ ಓಡಿಬಂದು ಗುದ್ದಬಾರದು, ದಿಮ್ಮಿ ಹೊತ್ತು ಬರುವ ದಂಡಿಗೆ ವೇಗ ಸಿಗಬಾರದು, ಅದಕ್ಕೇ ಈ ತಿರುವು. ಆದರೆ ಆನೆಗೆ ಬೇಕಾದಷ್ಟೇ ಜಾಗ ಫೋಟೋ ತೆಗೆಯುವವಳಿಗೂ ಬೇಕಲ್ಲ! ಇಡೀ ಬಾಗಿಲು ಚೌಕಟ್ಟಿಗೆ ಬರಲೆಂದು ಹಿಂದೆ ಸರಿದೆ, ಬೆನ್ನಿಗೆ ಗೋಡೆ ತಾಕಿತು. ಕೂತೆ, ಬಾಗಿಲ ಮೇಲಿನ ಕಲ್ಲಿನ ಸಾಲು ತಪ್ಪಿಹೋಯಿತು. ಕೊನೆಗೆ ಬೆನ್ನನ್ನು ಗೋಡೆಗಂಟಿಸಿ, ಅರ್ಧ ಮಲಗಿ, ಕುತ್ತಿಗೆ ಎದೆಗೆ ಮಡಚಿ, ಕ್ಯಾಮೆರಾ ಕಣ್ಣಿಗೆ ಹಿಡಿದೆ. ಶಾಲಾ ಪ್ರವಾಸದ ಮಕ್ಕಳು ಹಿಂದಿನಿಂದ ಬಂದವರು, "ಸಾರ್, ಇಲ್ಲಿ ಒಬ್ರು ಆಂಟಿ ಬಿದ್ದಿದಾರೆ" ಎಂದು ಮೇಷ್ಟ್ರನ್ನು ಕೂಗಿ ಕರೆದರು. ಮೇಷ್ಟ್ರು ನೀರಿನ ಬಾಟಲಿ ಹಿಡಿದು ಓಡಿಬಂದರು. ನೀರು ಕುಡಿದೆ. ಬೇಡ ಅನ್ನುವುದಕ್ಕೆ ಅವರ ಮುಖ ನೋಡಿ ಮನಸ್ಸಾಗಲಿಲ್ಲ.

ಹೈದರಾಲಿಗೆ ಈ ಕೋಟೆ ಕೈವಶವಾದದ್ದು 1779ರಲ್ಲಿ, ಅದೂ ಮೊದಲ ಏಟಿಗೇನಲ್ಲ. ಪಾಪ, ಅವನ ಕಷ್ಟ ನನಗೆ ಅರ್ಥವಾದದ್ದು ಆ ಗೋಡೆಗೆ ಬೆನ್ನು ಕೊಟ್ಟು ಮಲಗಿದಾಗ. ದಯವಿಟ್ಟು ಇದನ್ನು ದುರ್ಗದವರ ಮುಂದೆ ಹೇಳಬೇಡಿ.

ಓಬವ್ವನ ಕಿಂಡಿಯಲ್ಲಿ ಕ್ಯಾಮೆರಾ ಹೊರಗೆ ತೆಗೆಯುವುದಕ್ಕೂ ಆಗಲಿಲ್ಲ. ಒಬ್ಬೊಬ್ಬರಾಗಿ ಮಾತ್ರ ನುಸುಳಬಹುದಾದ ಸಂದು ಅದು. ಅದಕ್ಕೇ ಒಬ್ಬ ಹೆಂಗಸು ಒಂದು ಒನಕೆ ಹಿಡಿದು ದಂಡನ್ನೇ ತಡೆದದ್ದು. ಈಗ ಆಚೆ ಕಡೆ ರೀಲ್ಸ್ ಮಾಡುವವರು, ಈಚೆ ಕಡೆ ರೀಲ್ಸ್ ಮಾಡಲು ಕಾಯುವವರು, ನಡುವೆ ಗಾಳಿಯಲ್ಲೇ ಒನಕೆ ಎತ್ತಿ ನಿಂತ ಒಬ್ಬಳು ಹುಡುಗಿ. ಓಬವ್ವನಾಗಲು ಆ ಗುಂಪಿನಲ್ಲಿ ಎಲ್ಲರೂ ತಯಾರು, ಕಿಂಡಿಯಲ್ಲಿ ತೂರಿಬಂದು ತಲೆ ಒಡೆಸಿಕೊಳ್ಳುವ ಸಿಪಾಯಿಯಾಗಲು ಒಬ್ಬರೂ ಇಲ್ಲ. ಪಕ್ಕದಲ್ಲಿ ಸುಮ್ಮನೆ ನಿಂತಿದ್ದ ನಮ್ಮ ಯಜಮಾನರನ್ನು ಕೇಳಿದರು. ಇವರು ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟು, ಒಳಗೆ ಹೋಗಿ, ತೂರಿಬಂದು, ಸತ್ತರು. ಚೆನ್ನಾಗಿ ಬರಲಿಲ್ಲ ಎಂದಾಗ ಇನ್ನೊಮ್ಮೆ ಸತ್ತರು. ಯಾರು ಏನು ಹೇಳಿದರೂ ಮಾಡಿಬಿಡುವ ಮನುಷ್ಯ. ಇವರ ಈ ಗುಣವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಉಳಿದ ಕೋಟೆಗಳದ್ದು ಹೇಳುವಷ್ಟೇನಿಲ್ಲ. ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿಯ ಮಿರ್ಜಾನಿಗೆ ಮಳೆಗಾಲದಲ್ಲಿ ಹೋದೆವು. ಜಂಬಿಟ್ಟಿಗೆ ಗೋಡೆ, ಅದರ ಮೇಲೆ ಪಾಚಿ, ಅದರ ಮೇಲೆ ನಾನು. ಜಾರಿದೆ, ಎದ್ದೆ, ಲೆನ್ಸಿಗೆ ನೀರು ನುಗ್ಗಿತು, ಮುಗಿಯಿತು. ಬೆಂಗಳೂರಿನ ಕೋಟೆ ಮನೆಗೆ ಹತ್ತಿರವಲ್ಲವೇ ಎಂದು ಹೋದೆ. 1791ರಲ್ಲಿ ಕಾರ್ನ್‌ವಾಲಿಸ್ ದಂಡು ಕಟ್ಟಿಕೊಂಡು ಬಂದು ಹಿಡಿದ ಕೋಟೆಯಲ್ಲಿ ಈಗ ಉಳಿದಿರುವುದು ಸಿಟಿ ಮಾರ್ಕೆಟ್ ಪಕ್ಕದ ಒಂದು ತುಂಡು. ಫೋಟೋಗಳಲ್ಲಿ ಬಸ್ಸುಗಳು ಬಹಳ ಚೆನ್ನಾಗಿ ಬಂದಿವೆ, ಬೋರ್ಡು ಓದಬಹುದು.

ನಾನು ಹೇಳಹೊರಟದ್ದು ಮಂಜರಾಬಾದಿನ ಕಥೆ.

ಸಕಲೇಶಪುರ ದಾಟಿ ಮಂಗಳೂರಿನ ದಿಕ್ಕಿಗೆ ಸ್ವಲ್ಪ ದೂರ ಹೋದರೆ ದೋಣಿಗಾಲ್ ಹತ್ತಿರ ಹೆದ್ದಾರಿ ಪಕ್ಕದಲ್ಲೊಂದು ಗುಡ್ಡ. ಅದರ ತಲೆಯ ಮೇಲೆ ಟಿಪ್ಪು ಕಟ್ಟಿಸಿದ, 1792ರಲ್ಲಿ ಮುಗಿದ ಕೋಟೆ. ಎಂಟು ಮೊನೆಯ ನಕ್ಷತ್ರ. ಇದರ ಫೋಟೋವನ್ನು ನೀವೂ ನೋಡಿರುತ್ತೀರಿ: ಸುತ್ತ ಹಸಿರು, ನಡುವೆ ಯಾರೋ ಸ್ಕೇಲಿಟ್ಟು ಗೆರೆ ಎಳೆದ ಹಾಗೆ ಕಪ್ಪು ನಕ್ಷತ್ರ. ಅಂಥದ್ದೊಂದು ಫೋಟೋ ನಾನೂ ತೆಗೆಯಬೇಕೆಂದು ಹಟ ಹಿಡಿದೆ. ಅಣ್ಣನ ಮಗ ಹೇಳಿದ, "ಅತ್ತೆ, ಅದೆಲ್ಲ ಡ್ರೋನಲ್ಲಿ ತೆಗೆದಿದ್ದು." ಡ್ರೋನ್ ಹಾರಿಸಲು ಅನುಮತಿ ಬೇಕು, ಅರ್ಜಿ ಬೇಕು, ಮುಖ್ಯವಾಗಿ ಡ್ರೋನ್ ಬೇಕು. ನನ್ನ ಹತ್ತಿರ ಇದ್ದದ್ದು ಫೋನು, ಒಂದು ಹಳೆಯ ಕ್ಯಾಮೆರಾ ಮತ್ತು ಯಜಮಾನರು.

ಗುಡ್ಡದ ಬುಡದಲ್ಲಿ ಸೌತೆಕಾಯಿಗೆ ಉಪ್ಪುಖಾರ ಸವರಿ ಮಾರುತ್ತಿದ್ದ ಅಜ್ಜನನ್ನು ಕೇಳಿದೆ, "ಅಜ್ಜ, ನಕ್ಷತ್ರ ಎಲ್ಲಿಂದ ಚೆನ್ನಾಗಿ ಕಾಣುತ್ತೆ?"

"ಮೇಲಿಂದ ಕಾಣ್ತದಂತೆ ಕಣವ್ವ."

"ನೀವು ನೋಡಿದೀರಾ?"

"ನಾನ್ ಯಾವಾಗ್ಲೂ ಕೆಳಗೇ ಇದೀನಲ್ಲ."

ಮೆಟ್ಟಿಲು ಹತ್ತುತ್ತಾ ಯಜಮಾನರಿಗೆ ಪಾಠ ಮಾಡಿದೆ. ಹಳೆಯ ಕಾಲದ ದುಂಡು ಬುರುಜಿನ ಬುಡಕ್ಕೆ ಶತ್ರು ಬಂದು ಅವಿತುಕೊಂಡರೆ ಮೇಲಿನವರ ಗುಂಡು ಅವನಿಗೆ ತಾಕುವುದಿಲ್ಲ, ಅವನು ಕಣ್ಣಿಗೇ ಬೀಳುವುದಿಲ್ಲ. ನಕ್ಷತ್ರದ ಮೊನೆಗಳಾದರೆ ಹಾಗಲ್ಲ. ಒಂದು ಮೊನೆಯ ಗೋಡೆಗೆ ಪಕ್ಕದ ಮೊನೆಯವರು ಕಾವಲು. ಎಲ್ಲಿ ನಿಂತರೂ ಗುಂಡು ಬರುವುದೇ. ಯೂರೋಪಿನಲ್ಲಿ ಈ ವಿದ್ಯೆಯನ್ನು ಅರೆದು ಕುಡಿದವನು ಹದಿನೇಳನೆಯ ಶತಮಾನದ ಫ್ರಾನ್ಸಿನ ವೋಬಾನ್. ಟಿಪ್ಪುವಿಗೂ ಫ್ರೆಂಚರಿಗೂ ಒಳ್ಳೆಯ ಬಳಕೆ. 1788ರಲ್ಲಿ ಇವನ ರಾಯಭಾರಿಗಳು ಪ್ಯಾರಿಸ್ಸಿಗೇ ಹೋಗಿ ಹದಿನಾರನೆಯ ಲೂಯಿಯನ್ನು ಕಂಡು ಬಂದಿದ್ದರು. ಅದೇ ಊರಿನಲ್ಲಿ 1783ರಲ್ಲೇ ಮನುಷ್ಯ ಬಲೂನಿನಲ್ಲಿ ಹಾರಿಯಾಗಿತ್ತು. ರಾಯಭಾರಿಗಳು ಬರುವಾಗ ಒಂದು ಬಲೂನನ್ನೂ ಕಟ್ಟಿಸಿಕೊಂಡು ಬಂದಿದ್ದರೆ ಟಿಪ್ಪುವಾದರೂ ತನ್ನ ನಕ್ಷತ್ರವನ್ನು ಕಣ್ತುಂಬ ನೋಡಬಹುದಿತ್ತಲ್ಲವೇ ಎಂದು ಕೇಳಿದೆ. ಯಜಮಾನರು, "ಮಜ್ಜಿಗೆ ಬಾಟಲಿ ಕಾರಲ್ಲೇ ಬಿಟ್ಯಾ?" ಎಂದರು.

ಒಳಗೆ ಹೋದರೆ ನಕ್ಷತ್ರವೂ ಇಲ್ಲ, ಏನೂ ಇಲ್ಲ. ಹುಲ್ಲು, ದೂರದಲ್ಲಿ ಗೋಡೆ, ಗೋಡೆ ಒಳಗೆ ಹೋಗುತ್ತದೆ, ಹೊರಗೆ ಬರುತ್ತದೆ. ನಡುವೆ ಶಿಲುಬೆಯಾಕಾರದ ಮೆಟ್ಟಿಲು ಕೊಳ. ಮೊನೆ ಎಣಿಸೋಣವೆಂದರೆ ಎಲ್ಲಿಂದ ಶುರು ಮಾಡಿದ್ದು ಎಂಬುದೇ ಮರೆಯುತ್ತದೆ, ಒಂದರ ಮುಖ ಇನ್ನೊಂದಕ್ಕಿಂತ ಬೇರೆಯಿಲ್ಲ. ಕಾಲೇಜು ಹುಡುಗರ ಗುಂಪೊಂದು ಏಳು ಎಂದಿತು. ಅವರಲ್ಲೇ ಎಂಜಿನಿಯರಿಂಗ್ ಓದುವವನು ಒಂಬತ್ತು ಎಂದ.

ಆಗ ಹೊಳೆಯಿತು, ಪನೋರಮಾ! ಕೊಳದ ಪಕ್ಕ ನಿಂತು ಫೋನು ಹಿಡಿದು ಒಂದು ಸುತ್ತು ತಿರುಗಿದರೆ ಎಂಟೂ ಮೊನೆ ಒಂದೇ ಫೋಟೋದಲ್ಲಿ. ಡ್ರೋನ್ ಯಾರಿಗೆ ಬೇಕು? ಸೆರಗು ಸಿಕ್ಕಿಸಿದೆ. ಹಿಮ್ಮಡಿಯಿಂದ ನೆಲ ಕೆದಕಿ ಸುತ್ತಲು ಹದ ಮಾಡಿಕೊಂಡೆ. ಪನೋರಮಾ ತೆಗೆದವರಿಗೆ ಗೊತ್ತು, ಪರದೆಯ ಮೇಲೊಂದು ಗೆರೆ, ಗೆರೆಯ ಮೇಲೊಂದು ಬಾಣ. ಬಾಣ ಗೆರೆ ಬಿಟ್ಟು ಕದಲಬಾರದು, ಕೈ ನಡುಗಬಾರದು, ಬೇಗ ತಿರುಗಿದರೆ ಫೋನು ಗದರುತ್ತದೆ, ನಿಧಾನಿಸಿದರೆ ಅರ್ಧಕ್ಕೇ ನಿಲ್ಲಿಸಿಬಿಡುತ್ತದೆ. ಉಸಿರು ಬಿಗಿಹಿಡಿದು, ಶುರು ಮಾಡುವ ಮುಂಚೆ ಒಂದೇ ಒಂದು ಮಾತು ಹೇಳಿದೆ: "ರೀ, ಏನಾದರೂ ಸರಿಯೇ, ಫೋಟೋಗೆ ಮಾತ್ರ ಬರಬೇಡಿ."

ಇವರು ನನ್ನ ಬಲಕ್ಕೆ ನಾಲ್ಕು ಮಾರು ದೂರದಲ್ಲಿ, ಒಂದು ಕೈಲಿ ಛತ್ರಿ, ಇನ್ನೊಂದು ಕೈಲಿ ಚಿತ್ರಾನ್ನದ ಡಬ್ಬಿ ಹಿಡಿದು ನಿಂತಿದ್ದರು. ನಾನು ಬಲಕ್ಕೆ ತಿರುಗತೊಡಗಿದೆ. ಫೋನು ತಮ್ಮ ಕಡೆ ಬರುತ್ತಿದೆ ಎಂದು ಇವರಿಗೆ ಗೊತ್ತಾಯಿತು. ಹೇಳಿದ ಮಾತು ಮೀರುವವರಲ್ಲ, ನಾಲ್ಕು ಹೆಜ್ಜೆ ಬಲಕ್ಕೆ ಸರಿದರು. ನಾನೂ ಬಲಕ್ಕೆ ಬಂದೆ. ಇನ್ನೂ ಸರಿದರು. ಇನ್ನೂ ಬಂದೆ. ನಿಂತ ಕಡೆಯೇ ನಿಂತಿದ್ದರೆ ಒಂದೇ ಸಲ ಬಂದು ಹೋಗುತ್ತಿದ್ದರು. ನನ್ನ ಬೆನ್ನ ಹಿಂದೆ ಬಂದಿದ್ದರೆ ಬರುತ್ತಲೇ ಇರಲಿಲ್ಲ. ಆ ಯೋಚನೆಗೆ ಪುರುಸೊತ್ತೆಲ್ಲಿ? ಕ್ಯಾಮೆರಾ ಬೆನ್ನು ಹತ್ತಿದೆ, ಓಡಬೇಕು, ಅಷ್ಟೇ. ನಡುವೆ ಒಮ್ಮೆ ಕೂತು ನೋಡಿದರು, ಬಗ್ಗಿದರೆ ಮೇಲಿಂದ ಹೋಗಿಬಿಡುತ್ತದೇನೋ ಎಂದು. ಹೋಗಲಿಲ್ಲ. ಎದ್ದು ಮತ್ತೆ ಓಡಿದರು. ನನ್ನ ಕಣ್ಣು ಬಾಣದ ಮೇಲೆ. ಹುಡುಗರು ಯಾಕೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ, ಯಾರು ಶಿಳ್ಳೆ ಹಾಕುತ್ತಿದ್ದಾರೆ, ಯಾವುದೂ ಗೊತ್ತಿಲ್ಲ. ಹೊರಗಿನ ಶತ್ರುವಿಗೆ ಅಡಗಲು ಜಾಗವಿರಬಾರದೆಂದು ಕಟ್ಟಿದ ಕೋಟೆಯಲ್ಲಿ ಒಳಗಿನ ಗಂಡನಿಗೂ ಅಡಗಲು ಜಾಗವಿರಲಿಲ್ಲ.

ಸುತ್ತು ಮುಗಿಯಿತು. ಫೋಟೋ ತೆರೆದೆ. ಎಂಟು ಮೊನೆಯ ನಕ್ಷತ್ರ ಉದ್ದಕ್ಕೆ ಬಿಚ್ಚಿಕೊಂಡು ನಮ್ಮೂರಿನ ಸರ್ಕಾರಿ ಶಾಲೆಯ ಕಾಂಪೌಂಡಿನ ಹಾಗೆ ಮಲಗಿತ್ತು. ಅದರ ಮುಂದೆ ಎಡದಿಂದ ಬಲಕ್ಕೆ ಏಳು ಜನ ಯಜಮಾನರು. ಮೊದಲನೆಯವರು ಛತ್ರಿ ಹಿಡಿದು ಗಂಭೀರವಾಗಿದ್ದಾರೆ. ಎರಡನೆಯವರಿಗೆ ಅನುಮಾನ ಬಂದಿದೆ. ಮೂರನೆಯವರಿಗೆ ಕಾಲು ಮೂರು. ನಾಲ್ಕನೆಯವರ ಮುಂಭಾಗ ಮಾತ್ರ ಬಂದಿದೆ, ಡಬ್ಬಿ ಸಮೇತ. ಐದನೆಯವರು ಕುಕ್ಕರುಗಾಲಲ್ಲಿ ಕೂತಿದ್ದಾರೆ, ಅವರ ಛತ್ರಿ ಮಾತ್ರ ಪಕ್ಕದಲ್ಲಿ ತಾನಾಗಿ ನಿಂತಿದೆ. ಆರನೆಯವರ ತಲೆ ದೇಹಕ್ಕಿಂತ ಮುಂದಕ್ಕೆ ಹೊರಟುಹೋಗಿದೆ. ಏಳನೆಯವರು ಓಡುವುದನ್ನು ಬಿಟ್ಟು, ನೇರ ಕ್ಯಾಮೆರಾ ನೋಡುತ್ತಾ, ಬಾಯಿ ತೆರೆದು ಏನೋ ಹೇಳುತ್ತಿದ್ದಾರೆ. ಏನು ಹೇಳುತ್ತಿದ್ದರೆಂದು ನನಗೆ ಗೊತ್ತು, ಬರೆಯುವಂಥದ್ದಲ್ಲ.

ಎಂಟನೆಯ ಮೊನೆಯ ಮುಂದೆ ಯಾರೂ ಇರಲಿಲ್ಲ. ಅಲ್ಲಿ ಮಾತ್ರ ಕೋಟೆ ಇದೆ.

ಅಣ್ಣನ ಮಗನಿಗೆ ಕಳಿಸಿದೆ. "ಅತ್ತೆ, ದುರ್ಗದಲ್ಲಿ ಏಳು ಸುತ್ತಿನ ಕೋಟೆ, ನಿಮ್ಮ ಮನೇಲಿ ಏಳು ಸುತ್ತಿನ ಮಾವ" ಎಂದು ಬರೆದು ಇಡೀ ಕುಟುಂಬದ ಗುಂಪಿಗೆ ಹಾಕಿದ. ಈಗ ಬರುವ ನೆಂಟರು ಅದೊಂದೇ ಫೋಟೋ ಕೇಳುತ್ತಾರೆ.

ನಗುವುದಕ್ಕೆ ಇಷ್ಟಿತ್ತು. ನಗು ಬಾರದ ಇನ್ನೊಂದು ಜೊತೆ ಫೋಟೋಗಳೂ ನನ್ನ ಹತ್ತಿರ ಇವೆ. ಒಂದೇ ಕೋಟೆಯ ಒಂದೇ ಗೋಡೆ, ಕೆಲವು ವರ್ಷಗಳ ಅಂತರದಲ್ಲಿ ತೆಗೆದದ್ದು. ಮೊದಲನೆಯದರಲ್ಲಿ ಗಾರೆ ನುಣ್ಣಗಿದೆ. ಎರಡನೆಯದರಲ್ಲಿ ಗಾರೆ ಹೋಗಿ ಹೃದಯ ಬಂದಿದೆ, ಹೃದಯದೊಳಗೆ ಎರಡು ಹೆಸರು, ಬಾಣ, ತಾರೀಖು. ಕೆಳಗೆ ಯಾರೋ ಫೋನ್ ನಂಬರನ್ನೂ ಕೆತ್ತಿದ್ದಾರೆ. ಸಂರಕ್ಷಿತ ಸ್ಮಾರಕವನ್ನು ಕೆಡಿಸಿದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ ಎಂದು ಕಾನೂನಿದೆ. ಆ ನಂಬರಿಗೆ ಫೋನ್ ಮಾಡಿ ಅದನ್ನು ಓದಿ ಹೇಳಬೇಕೆಂದು ಬಹಳ ಸಲ ಅನ್ನಿಸಿದೆ. ಮದುವೆಗೆ ಮುಂಚಿನ ಫೋಟೋಗೆಂದು ಬಂದು, ಬಣ್ಣದ ಹೊಗೆ ಹಚ್ಚಿ, ಡಬ್ಬಿಗಳನ್ನು ಕೊಳಕ್ಕೆಸೆದು ಹೋಗುವವರ ವಿಷಯ ಬೇಡ, ನನಗೆ ರಕ್ತದೊತ್ತಡವಿದೆ.

1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯದ ಅಧಿಕಾರಿ ಹಂಪಿಯ ಬಿಸಿಲಿನಲ್ಲಿ ಪೆಟ್ಟಿಗೆಯಂಥ ದೊಡ್ಡ ಕ್ಯಾಮೆರಾ ಹೊತ್ತು ತಿರುಗಿ ಕಾಗದದ ನೆಗೆಟಿವ್ ಮೇಲೆ ಫೋಟೋ ತೆಗೆದ. ಅವನ ಫೋಟೋದಲ್ಲಿ ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಗೋಪುರವಿದೆ. ನಿಮ್ಮ ಜೇಬಿನಲ್ಲಿ ಐವತ್ತು ರೂಪಾಯಿಯ ಹೊಸ ನೋಟಿದ್ದರೆ ತೆಗೆದು ನೋಡಿ, ರಥವಿದೆ, ಗೋಪುರವಿಲ್ಲ. ಗ್ರೀನ್‌ಲಾನ ಫೋಟೋ ಇಲ್ಲದಿದ್ದರೆ ರಥಕ್ಕೊಂದು ತಲೆಯಿತ್ತು ಎಂದು ನನ್ನಂಥವರಿಗೆ ಹೇಳುವವರು ಯಾರು? ಅವನು ತೆಗೆದ ಜಾಗಗಳಲ್ಲೇ ನಿಂತು, ನೂರಿಪ್ಪತ್ತಕ್ಕೂ ಹೆಚ್ಚು ವರ್ಷಗಳ ಮೇಲೆ, ಜಾನ್ ಗಾಲಿಂಗ್ಸ್ ಎಂಬ ಆಸ್ಟ್ರೇಲಿಯಾದ ಛಾಯಾಗ್ರಾಹಕ ಮತ್ತೆ ಫೋಟೋ ತೆಗೆದ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಏನಿತ್ತು, ಏನು ಹೋಯಿತು ಎಲ್ಲ ತಿಳಿಯುತ್ತದೆ.

ಇದನ್ನು ನೆಂಟರಿಗೆ ಹೇಳಿದೆ. ಮುಂದೆ ಯಾರಾದರೂ ನನ್ನ ಬಾಗಿಲುಗಳನ್ನು ಹೀಗೆಯೇ ಅಕ್ಕಪಕ್ಕ ಇಟ್ಟು ನೋಡಬಹುದು ಎಂದೆ. "ನೋಡ್ಲಿ ಬಿಡು, ಈಗ ಆ ಏಳು ಜನರದ್ದು ತೋರಿಸು" ಎಂದರು.

ಬರುವ ತಿಂಗಳು ಬೀದರಿಗೆ ಹೋಗುವುದಿದೆ. ಬಹಮನಿಗಳ ಕೋಟೆ, ಬಂಡೆ ಕೊರೆದು ಮಾಡಿದ ಮೂರು ಸಾಲು ಕಂದಕ, ರಂಗೀನ್ ಮಹಲಿನಲ್ಲಿ ಕರಿಕಲ್ಲಿಗೆ ಕೂರಿಸಿದ ಮುತ್ತಿನ ಚಿಪ್ಪಿನ ಕೆಲಸ. ಬಿದರಿ ಪಾತ್ರೆಗೆ ಕಪ್ಪು ಬಣ್ಣ ಬರುವುದೇ ಆ ಕೋಟೆಯ ಹಳೆಯ ಮಣ್ಣಿನಿಂದ ಎಂದು ಯಜಮಾನರಿಗೆ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಮೆಟ್ಟಿಲೆಷ್ಟು?" ಎಂದರು. ದುರ್ಗದ ಹಾಗೆ ಬೆಟ್ಟ ಹತ್ತುವುದಿಲ್ಲ ಎಂದೆ, ಅದು ನಿಜ. ಟಿಕೆಟ್ ತೆಗೆಸಲು ಒಪ್ಪಿದ್ದಾರೆ. ಕೋಟೆಯ ಸುತ್ತಳತೆ ಎಷ್ಟೆಂದು ಇನ್ನೂ ಕೇಳಿಲ್ಲ, ಕೇಳುವ ಮುಂಚೆ ರೈಲು ಹತ್ತಿಸಬೇಕು.