ಎಡಗಣ್ಣಿಗೊಂದು ಬಳೆ

ನಮ್ಮೂರು ಬೀಡಿಯ ಬಸ್ ಸ್ಟ್ಯಾಂಡಿನಲ್ಲಿ ಪೇಪರ್ ಓದುವವರ ಕೈ ನೋಡಿದರೆ ಅವರ ವಯಸ್ಸು ಹೇಳಿಬಿಡಬಹುದು. ಮೂವತ್ತರವರ ಮೊಣಕೈ ಮಡಚಿರುತ್ತದೆ, ಐವತ್ತರವರದು ನೆಟ್ಟಗೆ ಚಾಚಿರುತ್ತದೆ. ಕಣ್ಣೊಳಗಿನ ಮಸೂರ ಬಿರುಸಾಗುತ್ತ ಬಂದು, ಹತ್ತಿರದ ಅಕ್ಷರಕ್ಕೆ ಉಬ್ಬಿಕೊಳ್ಳಲು ಒಲ್ಲೆ ಎನ್ನುತ್ತದೆ. ಕೈ ಸಾಲದಾದ ಮೇಲೆ ನಾನೂ ಖಾನಾಪುರಕ್ಕೆ ಹೋಗಿ ಚಾಳೀಸು ತಂದೆ.

ಅದನ್ನು ಕಂಡು ಬೆಳಗಾವಿಯ ಅಕ್ಕನ ಮಗ ಸುದ್ದಿ ತಂದ: “ಮಾಮಾ, ಕಣ್ಣಾಗ ಸಣ್ಣ ಬಳಿ ಇಡ್ತಾರಂತ. ಚಾಳೀಸ ಒಗದಬಿಡ್ರಿ.”

ಸುದ್ದಿ ಸುಳ್ಳಲ್ಲ, ಹಳೆಯದು. ಕಾಮ್ರಾ ಎಂಬ ಕಪ್ಪು ಬಳೆಗೆ 2015ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತ್ತು. ಅಗಲ 3.8 ಮಿಲಿಮೀಟರ್, ನಡುವಿನ ತೂತು 1.6. ಕಾರ್ನಿಯಾದ ಪದರದೊಳಗೆ ಕೂಡಿಸುತ್ತಿದ್ದರು. ಕಣ್ಣು ಕಿರಿದು ಮಾಡಿ ಬಸ್ಸಿನ ಬೋರ್ಡು ಓದುತ್ತೇವಲ್ಲ, ಅದೇ ಉಪಾಯ. ಆದರೆ ಒಂದೇ ಕಣ್ಣಿಗೆ.

“ಬಳಿ ಅಂದಮ್ಯಾಲೆ ಜೋಡಿ ಇರಬೇಕಲ್ಲ?” ಎಂದಳು ಹೆಂಡತಿ.

ತೂತು ಸಣ್ಣದಾದರೆ ಬೆಳಕೂ ಕಡಿಮೆ. ಅದಕ್ಕೇ ಇನ್ನೊಂದು ಕಣ್ಣಿನ ತಂಟೆಗೆ ಹೋಗುತ್ತಿರಲಿಲ್ಲ. ತೊಡಕೂ ಅಲ್ಲೇ. ಎರಡು ಕಣ್ಣುಗಳ ನಡುವೆ ಸುಮಾರು 6 ಸೆಂಟಿಮೀಟರ್ ಅಂತರ. ಎರಡೂ ಕಳಿಸುವ ಚಿತ್ರಗಳ ವ್ಯತ್ಯಾಸ ನೋಡಿ ಮಿದುಳು ಆಳ ಅಳೆಯುತ್ತದೆ. ಬೆಳಕು ಕಡಿಮೆಯಾದ ಕಣ್ಣಿನ ಸುದ್ದಿ ಅದಕ್ಕೆ ಒಂದಿಷ್ಟು ತಡವಾಗಿ ಮುಟ್ಟುತ್ತದೆ. ನಿಂತ ವಸ್ತುವಿಗೆ ಚಿಂತೆಯಿಲ್ಲ. ಅಡ್ಡ ಹಾಯುವ ವಸ್ತು ಮಾತ್ರ ಇದ್ದುದಕ್ಕಿಂತ ಹತ್ತಿರವೋ ದೂರವೋ ಕಾಣಬಹುದು. 1922ರಲ್ಲಿ ಇದನ್ನು ವಿವರಿಸಿದ ಜರ್ಮನಿಯ ಕಾರ್ಲ್ ಪುಲ್‌ಫ್ರಿಕ್‌ಗೆ ಒಂದು ಕಣ್ಣು ಕಾಣುತ್ತಿರಲಿಲ್ಲ. ಹೀಗಾಗಿ ತಮ್ಮ ಹೆಸರಿನದೇ ತಮಾಷೆಯನ್ನು ಪಾಪ, ಅವರೇ ನೋಡಲಾಗಲಿಲ್ಲ.

ನಾವು ನೋಡಿದೆವು. ಹಳೆಯ ಕೂಲಿಂಗ್ ಗ್ಲಾಸಿನ ಒಂದು ಗಾಜು ಕಿತ್ತು ಏರಿಸಿಕೊಂಡೆ. ಹೆಂಡತಿ ಕಪಾಟಿನ ಕೀಲಿಗೆ ದಾರ ಕಟ್ಟಿ ಎಡಕ್ಕೂ ಬಲಕ್ಕೂ ತೂಗಿದಳು.

“ಗುಂಡಗ ತಿರಗಾಕತ್ತೈತಿ!”

“ನಿಮ್ಮ ತಲಿ ತಿರಗಾಕತ್ತಿರಬೇಕು. ಇಲ್ಲಿ ಕೊಡ್ರಿ.” ಹಾಕಿಕೊಂಡವಳು ಬಹಳ ಹೊತ್ತು ಮರಳಿ ಕೊಡಲಿಲ್ಲ, ಕೀಲಿ ತೂಗುವ ಕೆಲಸ ನನಗೆ ಬಂತು.

ಬಳೆ ಇಟ್ಟ ಕಣ್ಣಿಗೂ ದೂರದ್ದು ಕಾಣುವುದರಿಂದ ಆಳದ ಅಂದಾಜು ಪೂರ್ತಿ ಕೆಡುವುದಿಲ್ಲ, ನಿಜ. ಆದರೆ ರಾತ್ರಿ ಹಿಂದಿನ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರ್ ಸಿಕ್ಕಿದರೆ ಎರಡು ಸರಿಗಣ್ಣೂ ಸಾಲುವುದಿಲ್ಲ. ನಾನು ಚಾಳೀಸಿನ ದಾರ ಬಿಗಿ ಮಾಡಿಕೊಂಡೆ.

ಆಪರೇಷನ್ ಯಾವಾಗ ಎಂದು ಅಕ್ಕನ ಮಗ ಫೋನ್ ಮಾಡಿದಾಗ ಹೆಂಡತಿಯೇ ಎತ್ತಿದಳು: “ನಿಮ್ಮ ಮಾಮಾಗ ಫ್ರಿಜ್ಜಿನಾಗ ಕಣ್ಣೆದುರಿಗಿನ ಮೊಸರ ಕಾಣೂದಿಲ್ಲ. ಅದಕ್ಕ ಯಾವ ಬಳಿ ಐತಿ, ಕೇಳಪಾ.”